ಚಿಕ್ಕ ಟ್ರ್ಯಾಕ್ಟರಿಗೆ ಮೂರು ಕೊಂಡಿಯ ಜೋಡಣೆ

ಎತ್ತು ಕಟ್ಟಿ ಉಳುವ ಒಕ್ಕಲಿಗನ ಕೈಯನ್ನು ವಾಚಕರು ಗಮನಿಸಿರಬಹುದು. ಆ ಕೈ ಸದಾ ಮೇಣಿಯ ಮೇಲಿರುವುದು. ನೆಲ ಗಟ್ಟಿಯಾಯಿತೆಂದರೆ ನೇಗಿಲು ಬಿಗಿಯುತ್ತದೆ. ಆ ಬಿಗಿ ಮೇಣಿಯ ಮೂಲಕ ಕೈಗೆ ತಿಳಿಯುತ್ತದೆ. ಕೂಡಲೆ ಅವನು ಕುಳವನ್ನು ಬೆರಳಿನಷ್ಟು ಮೇಲೆತ್ತಿ ಎತ್ತುಗಳ ಶ್ರಮವನ್ನು ಕಡಿಮೆ ಮಾಡುತ್ತಾನೆ. ಕುಳವು ಬಂಡೆಗೆ ತಾಗಿ ನಿಂತರೆ ಎತ್ತುಗಳೂ ನಿಲ್ಲುತ್ತವೆ. ಎತ್ತುಗಳ ಸ್ಥಾನಕ್ಕೆ ಎಂಜಿನು ಬಂದಾಗ ಈ ಎರಡು ಅನುಕೂಲಗಳೂ ಒಟ್ಟಿಗೆ ಇಲ್ಲವಾದುವು. ನಿಲ್ಲಬೇಕೆಂಬುದು ಎಂಜಿನಿಗೆ ತಿಳಿಯದು. ನೇಗಿಲಿನ ಬಿಗಿ ಚಾಲಕನ ಕೈಗೆ ತಿಳಿಯದು. ಇದರಿಂದ ಅನೇಕ ಚಾಲಕರು ಪ್ರಾಣವನ್ನೇ ಕಳೆದುಕೊಂಡರು. ಈ ಕೊರತೆಯನ್ನು ತುಂಬಿದ ಸಾಧನವೇ ಇಂದು ಟ್ರ್ಯಾಕ್ಟರುಗಳ ಹಿಂಬದಿಯಲ್ಲಿ ನಾವು ಕಾಣುವ ಮೂರು ಕೊಂಡಿಯ ಜೋಡಣೆ. ಅದರ ತತ್ತ್ವವೇನು, ಚಿಕ್ಕ ಟ್ರ್ಯಾಕ್ಟರೊಂದಕ್ಕೆ ಅದನ್ನು ಕೂಡಿಸುವುದು ಹೇಗೆ, ಕೂಡಿಸುವಾಗ ಯಾವ ಲೆಕ್ಕವನ್ನು ಮರೆಯಬಾರದು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಎಳೆತದಲ್ಲಿ ಅಡಗಿರುವ ಅಪಾಯ

1917ರಲ್ಲಿ ಹೆನ್ರಿ ಫೋರ್ಡನ ಕಾರ್ಖಾನೆಯಿಂದ ಫೋರ್ಡ್‌ಸನ್ ಎಂಬ ಟ್ರ್ಯಾಕ್ಟರು ಹೊರಬಂದಿತು. ಅದು ಹಗುರವಾದುದು, ಬೆಲೆಯಲ್ಲಿ ಅಗ್ಗವಾದುದು; ಆದುದರಿಂದ ಬಹು ಬೇಗನೆ ಪ್ರಚಾರಕ್ಕೆ ಬಂದಿತು. ನೇಗಿಲನ್ನು ಬಂಡಿಯಂತೆ ಅದರ ಹಿಂದೆ ಕಟ್ಟಿ ಎಳೆಯಿಸುತ್ತಿದ್ದರು. ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿ ನಿಂತಿತೆನ್ನೋಣ. ಹಿಂದಿನ ಚಕ್ರಗಳು ಮುಂದೆ ಉರುಳಲಾರವು. ಎಂಜಿನಾದರೋ ಅಚ್ಚನ್ನು ತಿರುಗಿಸುತ್ತಲೇ ಇರುವುದು. ಪ್ರತಿಯೊಂದು ಕ್ರಿಯೆಗೂ ಸಮನಾದ ಪ್ರತಿಕ್ರಿಯೆಯುಂಟೆಂದು ನ್ಯೂಟನ್ನನ ಮೂರನೆಯ ನಿಯಮವು ಹೇಳುವುದಷ್ಟೆ. ಚಕ್ರವು ತಿರುಗದಿದ್ದರೆ ಟ್ರ್ಯಾಕ್ಟರಿನ ಒಡಲೇ ಅಚ್ಚಿನ ಸುತ್ತ ಎದುರು ದಿಕ್ಕಿಗೆ ತಿರುಗತೊಡಗುವುದು. ಮೂತಿ ಮೇಲೇಳುವುದು, ಚಾಲಕನು ಕ್ಲಚ್ಚನ್ನು ತುಳಿಯುವುದರೊಳಗಾಗಿ ಯಂತ್ರವು ಹಿಮ್ಮೊಗವಾಗಿ ಅವನ ಮೇಲೆಯೇ ಮಗುಚುವುದು.

ಇದನ್ನು ಲೆಕ್ಕದಿಂದ ನೋಡಿದರೆ ಇನ್ನೂ ಸ್ಪಷ್ಟವಾಗುವುದು. 900 ಕಿಲೋಗ್ರಾಂ ತೂಕದ ಚಿಕ್ಕ ಟ್ರ್ಯಾಕ್ಟರೊಂದನ್ನು ಕಲ್ಪಿಸಿಕೊಳ್ಳೋಣ. ಅದರ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ದೂರ 1.5 ಮೀಟರು, ಗುರುತ್ವ ಕೇಂದ್ರವು ಹಿಂದಿನ ಅಚ್ಚಿನಿಂದ 0.6 ಮೀಟರು ಮುಂದಿದೆ. ಸನ್ನೆಯ ನಿಯಮದಂತೆ ಮುಂದಿನ ಚಕ್ರಗಳ ಮೇಲೆ ಬೀಳುವ ಭಾರ 900 × 0.6 ÷ 1.5, ಅಂದರೆ 360 ಕಿಲೋಗ್ರಾಂ; ಉಳಿದ 540 ಕಿಲೋಗ್ರಾಂ ಹಿಂದಿನ ಚಕ್ರಗಳ ಮೇಲೆ. ಈಗ ಹಿಂದೆ ಕಟ್ಟಿದ ಸರಪಣಿಯು 700 ಕಿಲೋಗ್ರಾಂ ಭಾರದಷ್ಟು ಬಲದಿಂದ ಜಗ್ಗುತ್ತಿದೆ ಎನ್ನಿ. ಸರಪಣಿಯನ್ನು ನೆಲದಿಂದ 0.3 ಮೀಟರು ಎತ್ತರದಲ್ಲಿ ಕಟ್ಟಿದ್ದರೆ ಮುಂಭಾಗದ ಭಾರದಲ್ಲಿ ಕಡಿಮೆಯಾಗುವುದು 700 × 0.3 ÷ 1.5, ಅಂದರೆ 140 ಕಿಲೋಗ್ರಾಂ ಮಾತ್ರ. ಅದೇ ಸರಪಣಿಯನ್ನು 0.8 ಮೀಟರು ಎತ್ತರದಲ್ಲಿ ಕಟ್ಟಿದರೆ 373 ಕಿಲೋಗ್ರಾಂ ಕಡಿಮೆಯಾಗುವುದು. ಮುಂದೆ ಇದ್ದುದೇ 360! ಎಂದರೆ ಮುಂದಿನ ಚಕ್ರಗಳು ನೆಲವನ್ನು ಬಿಟ್ಟವು. ಬಲ ಒಂದೇ, ಯಂತ್ರ ಒಂದೇ. ಕಟ್ಟಿದ ಎತ್ತರ ಮಾತ್ರ ಬೇರೆ. ಬದುಕು ಸಾವುಗಳ ಅಂತರ ಇಲ್ಲಿ ಅರ್ಧ ಮೀಟರು.

ಫರ್ಗುಸನ್ನನ ಉಪಾಯ

ಈ ಸಮಸ್ಯೆಯನ್ನು ಬಿಡಿಸಿದವನು ಹ್ಯಾರಿ ಫರ್ಗುಸನ್. ಇವನು 1884ರಲ್ಲಿ ಐರ್ಲೆಂಡಿನ ಡೌನ್ ಪ್ರಾಂತದ ರೈತ ಮನೆತನದಲ್ಲಿ ಹುಟ್ಟಿದನು. ಯಂತ್ರಗಳಲ್ಲಿ ಇವನಿಗೆ ಎಷ್ಟು ಆಸಕ್ತಿಯಿದ್ದಿತೆಂದರೆ, 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನದಲ್ಲಿ ಐರ್ಲೆಂಡಿನ ನೆಲದಿಂದ ಹಾರಿದನು. ಮೊದಲನೆಯ ಮಹಾಯುದ್ಧದಲ್ಲಿ ಆಹಾರದ ಅಭಾವವುಂಟಾದಾಗ, 1917ರಲ್ಲಿ, ಟ್ರ್ಯಾಕ್ಟರುಗಳ ಬಳಕೆಯನ್ನು ಉತ್ತಮಪಡಿಸುವ ಕೆಲಸವನ್ನು ಸರ್ಕಾರವು ಇವನಿಗೆ ವಹಿಸಿತು. ಊರೂರು ಸುತ್ತಿ ಉಳುಮೆಯನ್ನು ನೋಡಿದ ಮೇಲೆ ಇವನಿಗೆ ಹೊಳೆದ ವಿಚಾರವಿದು: ಟ್ರ್ಯಾಕ್ಟರು ಬೇರೆ, ನೇಗಿಲು ಬೇರೆ ಎಂದು ಎಣಿಸುವುದೇ ತಪ್ಪು, ಎರಡನ್ನೂ ಒಂದೇ ಯಂತ್ರವಾಗಿ ಮಾಡಬೇಕು.

ವಿಲಿಯಂ ಸ್ಯಾಂಡ್ಸ್ ಮೊದಲಾದ ಸಹಾಯಕರೊಡನೆ ಅನೇಕ ವರ್ಷ ಪ್ರಯೋಗಗಳನ್ನು ನಡೆಯಿಸಿ, ದ್ರವದ ಒತ್ತಡದಿಂದ ಉಳುಮೆಯ ಆಳವನ್ನು ತಾನಾಗಿ ನಿಯಂತ್ರಿಸುವ ಏರ್ಪಾಡಿಗೆ 1926ರ ವೇಳೆಗೆ ಪೇಟೆಂಟು ಪಡೆದನು. 1936ರಲ್ಲಿ ಇಂಗ್ಲೆಂಡಿನಲ್ಲಿ ಡೇವಿಡ್ ಬ್ರೌನನ ಕಾರ್ಖಾನೆಯಲ್ಲಿ ಈ ಜೋಡಣೆಯುಳ್ಳ ಟ್ರ್ಯಾಕ್ಟರು ಸಿದ್ಧವಾಯಿತು. 1938ರಲ್ಲಿ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡನೊಡನೆ ಕೈಕುಲುಕಿನಿಂದಲೇ ಒಪ್ಪಂದ ಮಾಡಿಕೊಂಡನು, ಕಾಗದ ಪತ್ರವಿರಲಿಲ್ಲ. ಅದರ ಫಲವಾಗಿ 1939ರಲ್ಲಿ ಫೋರ್ಡ್ 9ಎನ್ ಟ್ರ್ಯಾಕ್ಟರು ಹೊರಬಂದಿತು. ಮುಂದೆ ಒಪ್ಪಂದವು ಮುರಿದು, ನ್ಯಾಯಾಲಯದ ವ್ಯವಹಾರವು 1952ರಲ್ಲಿ 92.5 ಲಕ್ಷ ಡಾಲರುಗಳಿಗೆ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ಫರ್ಗುಸನ್ನನ ಟಿ.ಇ.20 ಟ್ರ್ಯಾಕ್ಟರು 1946ರಿಂದ ಕವೆಂಟ್ರಿಯಲ್ಲಿ ತಯಾರಾಗತೊಡಗಿದ್ದಿತು. 1956ರ ವರೆಗೆ ಐದು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ಹೊರಬಿದ್ದುವು. ನಮ್ಮ ದೇಶದಲ್ಲಿ 1960ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟ್ರ್ಯಾಕ್ಟರ್ಸ್ ಅಂಡ್ ಫಾರ್ಮ್ ಎಕ್ವಿಪ್‌ಮೆಂಟ್ ಸಂಸ್ಥೆಯು ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರುಗಳನ್ನು ತಯಾರಿಸಿದುದರಿಂದ ಆ ಹೆಸರು ನಮ್ಮ ಹಳ್ಳಿಗಳಿಗೂ ಪರಿಚಿತವಾಯಿತು.

ಮೂರೇ ಏಕೆ?

ಜೋಡಣೆಯಲ್ಲಿ ಕೆಳಗೆ ಎರಡು ತೋಳುಗಳು, ಮೇಲೆ ನಡುವೆ ಒಂದು ತೋಳು ಇವೆ. ಕೆಳತೋಳುಗಳು ಹಿಂದಿನ ಅಚ್ಚಿನ ಕೆಳಗೆ ಎಡಬಲಗಳಲ್ಲಿ ಕೀಲುಗೊಂಡಿರುತ್ತವೆ. ಮೇಲ್ತೋಳನ್ನು ಚಾಲಕರು ಟಾಪ್ ಲಿಂಕ್ ಎಂದು ಕರೆಯುವರು. ತುದಿಗಳನ್ನು ಸೇರಿಸಿ ಗೆರೆ ಎಳೆದರೆ ತ್ರಿಕೋಣವಾಗುವುದು.

ನಮ್ಮ ಅಡಿಗೆಮನೆಯ ಒಲೆಗೆ ಮೂರು ಗುಂಡುಗಳನ್ನೇ ಇಡುತ್ತಿದ್ದರೇಕೆ? ಮೂರು ಬಿಂದುಗಳು ಒಂದೇ ಸಮತಲವನ್ನು ನಿರ್ಧರಿಸುತ್ತವೆ. ನೆಲ ಏರುತಗ್ಗಾದರೂ ಪಾತ್ರೆ ಅಲುಗುವುದಿಲ್ಲ. ನಾಲ್ಕಾದರೆ ಒಂದು ಕಾಲು ಮೇಲಾಗುವುದು. ಎರಡೇ ಆದರೆ ಪಾತ್ರೆ ಉರುಳುವುದು. ಹಾಗೆಯೇ ಎರಡು ತೋಳುಗಳಿಂದ ಮಾತ್ರ ಹಿಡಿದ ನೇಗಿಲು ಅವುಗಳ ತುದಿಗಳನ್ನು ಸೇರಿಸುವ ಗೆರೆಯ ಸುತ್ತ ಹಿಂದೆ ಮುಂದೆ ವಾಲುವುದು. ಮೂರನೆಯ ತೋಳು ಆ ವಾಲುವಿಕೆಯನ್ನು ತಡೆಯುವುದು. ಇದಕ್ಕಿಂತ ಹೆಚ್ಚಿನ ಕೊಂಡಿ ಬೇಕಿಲ್ಲ.

ಉಳುವಾಗ ಮಣ್ಣಿನ ವಿರೋಧವು ಕುಳದ ಮೇಲೆ ನೆಲದ ಒಳಗೆ ಬೀಳುವುದು. ಆದುದರಿಂದ ನೇಗಿಲಿನ ಕೆಳಭಾಗ ಹಿಂದೆ ಉಳಿಯಲು, ಮೇಲ್ಭಾಗ ಮುಂದಕ್ಕೆ ವಾಲಲು ಯತ್ನಿಸುವುದು. ಕೆಳತೋಳುಗಳು ಎಳೆತಕ್ಕೆ ಒಳಗಾಗುವುವು. ಮೇಲ್ತೋಳು ಒತ್ತಲ್ಪಟ್ಟು ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುವುದು. ಈ ನೂಕು ಅಚ್ಚಿಗಿಂತ ಮೇಲೆ ಬೀಳುವುದರಿಂದ ಮೂತಿಯನ್ನು ಕೆಳಕ್ಕೆ ಒತ್ತುವುದು. ಮೊದಲು ಮೂತಿಯನ್ನು ಎತ್ತುತ್ತಿದ್ದ ಮಣ್ಣಿನ ವಿರೋಧವೇ ಈಗ ಅದನ್ನು ಹಿಡಿದಿಡಲು ನೆರವಾಗುವುದು! ಪಕ್ಕದಿಂದ ನೋಡುತ್ತ ಮೇಲಿನ ಮತ್ತು ಕೆಳಗಿನ ತೋಳುಗಳ ಗೆರೆಗಳನ್ನು ಮುಂದಕ್ಕೆ ಬೆಳೆಯಿಸಿದರೆ ಅವು ಟ್ರ್ಯಾಕ್ಟರಿನ ಮುಂಭಾಗದ ಸಮೀಪ ಒಂದು ಬಿಂದುವಿನಲ್ಲಿ ಸಂಧಿಸುವುವು. ಆ ಕಲ್ಪಿತ ಬಿಂದುವಿಗೇ ನೇಗಿಲನ್ನು ಕಟ್ಟಿದೆಯೋ ಎಂಬಂತೆ ಯಂತ್ರವು ನಡೆಯುವುದು. ಇದರ ಮೇಲೆ ನೇಗಿಲಿನ ತೂಕದ ಒಂದು ಪಾಲು ಹಿಂದಿನ ಚಕ್ರಗಳ ಮೇಲೆ ಬಿದ್ದು ಅವುಗಳ ಹಿಡಿತವನ್ನು ಹೆಚ್ಚಿಸುವುದರಿಂದ ಹಗುರವಾದ ಟ್ರ್ಯಾಕ್ಟರೂ ಭಾರಿ ಟ್ರ್ಯಾಕ್ಟರಿನ ಕೆಲಸವನ್ನು ಮಾಡಬಲ್ಲುದು.

ಮೇಣಿ ಹಿಡಿದ ಕೈಗೆ ಬದಲಾಗಿ

ಮೇಲ್ತೋಳಿನ ನೂಕು ಮಣ್ಣಿನ ಬಿಗಿಯ ಅಳತೆಯಾಗಿದೆ. ಫರ್ಗುಸನ್ನನು ಆ ತೋಳಿನ ಬುಡದಲ್ಲಿ ಬಲವಾದ ಸ್ಪ್ರಿಂಗನ್ನಿರಿಸಿದನು. ನೆಲ ಗಟ್ಟಿಯಾದರೆ ಸ್ಪ್ರಿಂಗು ಕುಗ್ಗುವುದು. ಅದರ ಚಲನೆಯಿಂದ ತೈಲದ ಕವಾಟವು ತೆರೆಯುವುದು. ಪಂಪಿನ ತೈಲವು ಉರುಳೆಯನ್ನು ಹೊಕ್ಕು ಕೆಳತೋಳುಗಳನ್ನು ತುಸು ಎತ್ತುವುದು. ಬಿಗಿ ಕಡಿಮೆಯಾಗಿ ಸ್ಪ್ರಿಂಗು ಹಿಂದಕ್ಕೆ ಬರುವುದು. ನೆಲ ಸಡಿಲವಾದರೆ ಇದರ ವಿಪರ್ಯಾಸ. ಉಗಿಯಂತ್ರದಲ್ಲಿ ವೇಗವನ್ನು ಕಾಯುವ ವಾಟನ ಗವರ್ನರೂ ಇದೇ ಜಾತಿಯದು: ಕಾರ್ಯದ ಫಲವೇ ಹಿಂದಿರುಗಿ ಕಾರ್ಯವನ್ನು ತಿದ್ದುವುದು. ನೇಗಿಲು ಬಂಡೆಗೆ ತಾಗಿದರೋ, ಸ್ಪ್ರಿಂಗು ಪೂರ್ತಿ ಕುಗ್ಗಿ ತೈಲವು ಹೊರಬಿದ್ದು, ನೇಗಿಲಿನ ಭಾರವು ಚಕ್ರಗಳನ್ನು ಬಿಡುವುದು, ಹಿಡಿತ ತಪ್ಪಿದ ಚಕ್ರಗಳು ನಿಂತಲ್ಲಿಯೇ ಜಾರುವುವು, ಮೂತಿ ಮೇಲೇಳದು. ಎಲ್ಲ ಚಿಕ್ಕ ಟ್ರ್ಯಾಕ್ಟರುಗಳಲ್ಲಿಯೂ ಈ ಸ್ವಯಂ ನಿಯಂತ್ರಣವಿರುವುದಿಲ್ಲವೆಂಬುದನ್ನು ನೆನಪಿಡಬೇಕು. ಹಲವದರಲ್ಲಿ ತೋಳುಗಳನ್ನು ಇಷ್ಟು ಎತ್ತರದಲ್ಲಿ ನಿಲ್ಲಿಸುವ ಸನ್ನೆ ಮಾತ್ರ ಇರುವುದು. ಅಲ್ಲಿ ಎಚ್ಚರಿಕೆ ಚಾಲಕನದೇ.

ಎತ್ತುವ ಬಲವೆಲ್ಲಿಂದ ಬರುವುದು? ಪಾಸ್ಕಲನ ನಿಯಮದಿಂದ. ತೈಲದ ಒತ್ತಡವು ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ, ಉರುಳೆಯ ಒಳವ್ಯಾಸ 6 ಸೆಂಟಿಮೀಟರು ಎನ್ನೋಣ. ಆಡುಬೆಣೆಯ ಮುಖದ ವಿಸ್ತೀರ್ಣ 28.3 ಚದರ ಸೆಂಟಿಮೀಟರು. ಬಲ ಸುಮಾರು 4,240 ಕಿಲೋಗ್ರಾಂ. ತೋಳಿನ ತುದಿ ಆಡುಬೆಣೆಯ ಐದರಷ್ಟು ದೂರ ಚಲಿಸುವುದಾದರೆ ಅಲ್ಲಿ ಸಿಗುವ ಬಲ ಐದನೆಯ ಒಂದು ಪಾಲು, ಎಂದರೆ ಸುಮಾರು 850 ಕಿಲೋಗ್ರಾಂ. ಘರ್ಷಣೆಯಿಂದ ಇನ್ನೂ ಸ್ವಲ್ಪ ನಷ್ಟವಾಗುವುದು.

ಕೂಡಿಸುವ ಕ್ರಮ

ದ್ರಾಕ್ಷಿ, ದಾಳಿಂಬೆ ತೋಟಗಳ ಸಾಲುಗಳ ನಡುವೆ ನುಸುಳುವ ಚಿಕ್ಕ ಟ್ರ್ಯಾಕ್ಟರಿಗೆ ಈ ಜೋಡಣೆ ಇಲ್ಲದಿದ್ದರೆ ಬಿಡಿಭಾಗಗಳನ್ನು ತಂದು ಕೂಡಿಸಬಹುದು. ಮೊದಲು ತಯಾರಕರ ಕೈಪಿಡಿಯಲ್ಲಿ ಎರಡು ಸಂಗತಿಗಳನ್ನು ನೋಡಬೇಕು: ಹಿಂದಿನ ಅಚ್ಚು ತಾಳುವ ಭಾರವೆಷ್ಟು, ಬೋಲ್ಟು ಬಿಗಿಯಲು ಎರಕದ ಒಡಲಿನಲ್ಲಿ ರಂಧ್ರಗಳೆಲ್ಲಿವೆ. ಇಲ್ಲದ ಕಡೆ ಕೊರೆಯುವುದಾಗಲಿ, ಎರಕಕ್ಕೆ ಬೆಸುಗೆ ಹಾಕುವುದಾಗಲಿ ಸಲ್ಲದು; ಎರಕವು ಸೀಳುವುದು.

ತೋಳುಗಳ ಅಳತೆಗೆ ಅಂತರರಾಷ್ಟ್ರೀಯ ವರ್ಗಗಳಿವೆ. ಸೊನ್ನೆಯ ವರ್ಗದಲ್ಲಿ ಪಿನ್ನುಗಳ ವ್ಯಾಸ ಸುಮಾರು 16 ಮಿಲಿಮೀಟರು. ಒಂದನೆಯ ವರ್ಗದಲ್ಲಿ ಮೇಲಿನ ಪಿನ್ನು 19, ಕೆಳಗಿನವು 22 ಮಿಲಿಮೀಟರು. ಎರಡನೆಯ ವರ್ಗದಲ್ಲಿ ಇವು ಸುಮಾರು 25 ಮತ್ತು 28. ಚಿಕ್ಕ ಟ್ರ್ಯಾಕ್ಟರಿಗೆ ಮೊದಲ ಎರಡು ವರ್ಗಗಳೇ ಸಲ್ಲುವುವು. ಉಪಕರಣ, ತೋಳು ಎರಡೂ ಒಂದೇ ವರ್ಗದವಾಗಿರಬೇಕು. ದೊಡ್ಡ ರಂಧ್ರದಲ್ಲಿ ಸಣ್ಣ ಪಿನ್ನು ಹಾಕಿದರೆ ಅದು ಕುಲುಕಿ ಕುಲುಕಿ ಮುರಿಯುವುದು.

ಟ್ರ್ಯಾಕ್ಟರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನನ್ನು ಆರಿಸಿ, ಚಕ್ರಗಳಿಗೆ ಅಡೆಗಲ್ಲು ಕೊಟ್ಟು ಕೆಲಸಕ್ಕೆ ಕೈಹಾಕಬೇಕು. ಮೊದಲು ಕೆಳತೋಳುಗಳ ಕೀಲುಗಳನ್ನು ಅಚ್ಚಿನ ಕೆಳಗೆ, ನಡುಗೆರೆಯಿಂದ ಎರಡು ಕಡೆಗೂ ಸಮದೂರದಲ್ಲಿ, ಒಂದೇ ಎತ್ತರದಲ್ಲಿ ಬಿಗಿಯಬೇಕು. ಬಳಿಕ ಎತ್ತುವ ತೋಳುಗಳ ಅಡ್ಡದಂಡವನ್ನು ಮೇಲೆ ಕೂರಿಸಿ, ಎತ್ತುಗಂಬಿಗಳಿಂದ ಕೆಳತೋಳುಗಳಿಗೆ ಸೇರಿಸಬೇಕು. ಇವುಗಳಲ್ಲಿ ಒಂದರ, ಸಾಮಾನ್ಯವಾಗಿ ಬಲಗಡೆಯದರ, ಉದ್ದವನ್ನು ತಿರುಪಿನಿಂದ ಹೆಚ್ಚು ಕಡಿಮೆ ಮಾಡಬಹುದು. ಉಪಕರಣವನ್ನು ಮಟ್ಟಸಗೊಳಿಸುವುದು ಇದರಿಂದಲೇ. ಮೇಲ್ತೋಳಿನ ಕೊಂಡಿಯನ್ನು ನಟ್ಟನಡುವೆ ಬಿಗಿಯಬೇಕು. ಕೆಳತೋಳುಗಳು ಪಕ್ಕಕ್ಕೆ ತೂಗಾಡಿ ಟೈರಿಗೆ ಉಜ್ಜದಂತೆ ಸರಪಣಿಗಳನ್ನು ಹಾಕಬೇಕು. ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಬಿಗಿಗೆ ತಿರುಗಿಸಿ, ಮೊದಲ ಕೆಲವು ಗಂಟೆಗಳ ದುಡಿಮೆಯ ಬಳಿಕ ಮತ್ತೊಮ್ಮೆ ನೋಡಬೇಕು.

ಕೊನೆಗೆ ಉರುಳೆಯನ್ನು ಕೂರಿಸಿ ತೈಲದ ಕೊಳವೆಗಳನ್ನು ಸೇರಿಸುವುದು. ಕೊಳವೆಯಲ್ಲಿ ಉಳಿದ ಗಾಳಿಯು ಕುಗ್ಗಬಲ್ಲುದಾದುದರಿಂದ ತೋಳುಗಳು ನಡುಗುವುವು. ಭಾರವಿಲ್ಲದೆ ಹಲವು ಬಾರಿ ಎತ್ತಿಳಿಸಿ ಗಾಳಿಯನ್ನು ಹೊರಗೆಡಹಿ, ತೈಲವನ್ನು ಮಟ್ಟಕ್ಕೆ ತುಂಬಬೇಕು. ಸೋರುವುದನ್ನು ಹುಡುಕಲು ಎಂದಿಗೂ ಕೈಯಾಡಿಸಬಾರದು. ಅಷ್ಟು ಒತ್ತಡದ ತೈಲವು ಕಣ್ಣಿಗೆ ಕಾಣದ ಎಳೆಯಾಗಿ ಚರ್ಮವನ್ನು ತೂರಿ ಒಳಹೊಗುವುದು. ಗಾಯ ಸೂಜಿಮೊನೆಯಷ್ಟಿದ್ದರೂ ಕೂಡಲೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾಗುವುದು. ರಟ್ಟಿನ ತುಂಡನ್ನು ಹಿಡಿದು ನೋಡುವುದೇ ಸರಿಯಾದ ಕ್ರಮ.

ಉಪಕರಣವನ್ನು ಸಿಕ್ಕಿಸುವಾಗ ಮೊದಲು ಎಡತೋಳು, ಆಮೇಲೆ ಬಲತೋಳು, ಕೊನೆಗೆ ಮೇಲ್ತೋಳು. ಬಿಚ್ಚುವಾಗ ಇದರ ವಿಲೋಮ. ಎತ್ತಿದ ಉಪಕರಣದ ಕೆಳಗೆ ಯಾರೂ ನುಸುಳಬಾರದು. ತೈಲ ಸೋರಿದರೆ ಅದು ಇಳಿದೇ ಇಳಿಯುವುದು.

ಭಾರದ ಲೆಕ್ಕ

ಹಿಂದೆ ಹೊರಿಸಿದ ಭಾರವು ಮುಂದಿನ ಭಾರವನ್ನು ಕಡಿಮೆ ಮಾಡುವುದು. ನಮ್ಮ 900 ಕಿಲೋಗ್ರಾಂ ಟ್ರ್ಯಾಕ್ಟರಿಗೆ ಹಿಂದಿನ ಅಚ್ಚಿನಿಂದ 1.2 ಮೀಟರು ಹಿಂದೆ 350 ಕಿಲೋಗ್ರಾಂ ಉಪಕರಣವನ್ನು ಎತ್ತಿದರೆ ಮುಂಭಾಗದಲ್ಲಿ 350 × 1.2 ÷ 1.5, ಅಂದರೆ 280 ಕಿಲೋಗ್ರಾಂ ಕಡಿಮೆಯಾಗಿ 80 ಮಾತ್ರ ಉಳಿಯುವುದು. ಚುಕ್ಕಾಣಿ ತಿರುಗಿಸಿದರೂ ಟ್ರ್ಯಾಕ್ಟರು ತಿರುಗದು. ಟ್ರ್ಯಾಕ್ಟರಿನ ತೂಕದ ಐದನೆಯ ಒಂದು ಪಾಲಾದರೂ, ಇಲ್ಲಿ 180 ಕಿಲೋಗ್ರಾಂ, ಮುಂದಿನ ಚಕ್ರಗಳ ಮೇಲಿರಬೇಕೆಂಬುದು ವಾಡಿಕೆಯ ನಿಯಮ. ಮುಂದಿನ ಅಚ್ಚಿನಿಂದ ಅರ್ಧ ಮೀಟರು ಮುಂದೆ 100 ಕಿಲೋಗ್ರಾಂ ಎರಕದ ಗುಂಡುಗಳನ್ನು ತೂಗಹಾಕಿದರೆ 100 × 2.0 ÷ 1.5, ಅಂದರೆ 133 ಸೇರಿ ಒಟ್ಟು 213 ಆಗುವುದು. ಅಪಾಯ ಕಳೆಯಿತು. ಟ್ರ್ಯಾಕ್ಟರು ಎಷ್ಟನ್ನು ಎತ್ತಬಲ್ಲುದೆಂಬುದಕ್ಕಿಂತ ಎಷ್ಟನ್ನು ಹೊತ್ತು ತಿರುಗಬಲ್ಲುದೆಂಬುದೇ ಮುಖ್ಯ.

ಒಂದು ಸರಳ ಪ್ರಯೋಗ

ವಿದ್ಯಾರ್ಥಿಗಳು ಮರದ ತುಂಡೊಂದನ್ನು ಮೇಜಿನ ಮೇಲೆ ನಿಲ್ಲಿಸಿ, ಅದರ ಹಿಂದಿನ ಅಂಚು ಜಾರದಂತೆ ಒಂದು ಅಳತೆಗೋಲನ್ನು ಅಡ್ಡ ಹಿಡಿಯಲಿ. ತುಂಡಿನ ಬುಡದ ಬಳಿ ದಾರ ಕಟ್ಟಿ ಹಿಂದಕ್ಕೆ ಜಗ್ಗಿದರೆ ಅದು ಅಲುಗುವುದಿಲ್ಲ. ಅದೇ ದಾರವನ್ನು ಮೇಲಿನ ಅಂಚಿಗೆ ಕಟ್ಟಿ ಜಗ್ಗಿದರೆ ಅಲ್ಪ ಬಲಕ್ಕೇ ಹಿಂದಕ್ಕೆ ಉರುಳುವುದು.

ಕೆಸರಿನಲ್ಲಿ ಹೂತ ಟ್ರೇಲರನ್ನೋ, ಮರದ ಬೊಡ್ಡೆಯನ್ನೋ ಎಳೆಯುವ ಅವಸರದಲ್ಲಿ ಕೆಲವರು ಸರಪಣಿಯನ್ನು ಮೇಲ್ತೋಳಿನ ಕೊಂಡಿಗೇ ಸಿಕ್ಕಿಸುವುದುಂಟು. ಆ ಕೊಂಡಿಯಿರುವುದು ನೂಕನ್ನು ತಾಳುವುದಕ್ಕೆ ಮತ್ತು ಉಪಕರಣವನ್ನು ಹಿಡಿದಿಡುವುದಕ್ಕೆ, ಭಾರ ಎಳೆಯುವುದಕ್ಕಲ್ಲ. ಎಳೆಯುವ ಭಾರವನ್ನೆಲ್ಲ ಅಚ್ಚಿಗಿಂತ ಕೆಳಗಿರುವ ಎಳೆಪಟ್ಟಿಗೇ ಕಟ್ಟಬೇಕು. ತಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಟ್ರ್ಯಾಕ್ಟರು ನಡೆಯಿಸುವವರಿಗೆ ವಿದ್ಯಾರ್ಥಿಗಳು ಈ ಮರದ ತುಂಡಿನ ಪ್ರಯೋಗವನ್ನು ಒಮ್ಮೆ ಮಾಡಿ ತೋರಿಸಿದರೆ ಪಾಠಶಾಲೆಯಲ್ಲಿ ಕಲಿತ ಸನ್ನೆಯ ನಿಯಮವು ಸಾರ್ಥಕವಾಗುವುದು.