ಬತ್ತಿ ಸಾಬ್ ಆಗಹೊರಟ ಮಕ್ಕಳಿಗೆ

ನಮ್ಮ ಬೇಗಾರು, ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆಯ ಮಕ್ಕಳು ಈಗ ಎಲೆಕ್ಟ್ರಿಕಲ್ ಡಿಪ್ಲೊಮಾ, ಬಿ.ಇ. ಮುಗಿಸಿ ಹಡಗಿನ ಕೆಲಸ ಹೇಗೆ ಎಂದು ವಿಚಾರಿಸುತ್ತಾರೆ. ತೋಟಕ್ಕೆ ಹಳದಿ ಎಲೆ ರೋಗ ತಗುಲಿ ದಶಕಗಳಾದವು, ಅದರ ಮೇಲೆ ಎಲೆಚುಕ್ಕಿ ಬಂತು. ಅಡಿಕೆಯೊಂದನ್ನೇ ನಂಬಿ ಕೂರುವ ಕಾಲ ಇದಲ್ಲವೆಂದು ಮನೆಯ ಹಿರಿಯರಿಗೂ ಮನವರಿಕೆಯಾಗಿದೆ. ಮಕ್ಕಳು ಮೊದಲು ಕೇಳುವುದು ಸಂಬಳ. ಕೇಳಿ, ತಪ್ಪೇನಿಲ್ಲ. ಆದರೆ ಸರಕು ಹಡಗಿನಲ್ಲಿ ವಿದ್ಯುತ್ ಅಧಿಕಾರಿಯಾಗಿ ದುಡಿದವನಾಗಿ ನಾನು ಮೊದಲು ಹೇಳುವುದು ಇಷ್ಟು: ಕಂಡ ದೋಷವನ್ನು ಮುಚ್ಚಿಡದ ಸ್ವಭಾವ ನಿಮ್ಮಲ್ಲಿದ್ದರೆ ಈ ಕೆಲಸಕ್ಕೆ ಬನ್ನಿ. ಉಳಿದದ್ದನ್ನು ಕಲಿಯಬಹುದು.

ಹಡಗಿನಲ್ಲಿ ಭಾರತೀಯ ಸಿಬ್ಬಂದಿ ನಮ್ಮನ್ನು ಕರೆಯುವುದು ‘ಬತ್ತಿ ಸಾಬ್’ ಎಂದು. ಕಾಗದದಲ್ಲಿ ಇಟಿಒ, ಅಂದರೆ ಎಲೆಕ್ಟ್ರೋ-ಟೆಕ್ನಿಕಲ್ ಆಫೀಸರ್. ನಾವು ಸೇರಿದ ಕಾಲಕ್ಕೆ ಈ ಹುದ್ದೆಗೆ ಅಂತರರಾಷ್ಟ್ರೀಯ ಪ್ರಮಾಣಪತ್ರವೇ ಇರಲಿಲ್ಲ. ನಾವಿಕರ ತರಬೇತಿ, ಪ್ರಮಾಣಪತ್ರಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ತಂದ 2010ರ ಮನಿಲಾ ತಿದ್ದುಪಡಿಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು, 2012ರ ಜನವರಿ 1ರಿಂದ ಜಾರಿಗೆ ಬಂತು. ಜನರೇಟರು, ಮೇನ್ ಸ್ವಿಚ್‌ಬೋರ್ಡು, ಕ್ರೇನು, ಬೆಂಕಿಯ ಸುಳಿವು ಕೊಡುವ ಸೆನ್ಸರು, ದಿಕ್ಕು ತೋರುವ ದೀಪ, ಅಡುಗೆಮನೆಯ ಒಲೆ, ಬಟ್ಟೆ ಒಗೆಯುವ ಮಷಿನು, ಎಲ್ಲವೂ ನಿಮ್ಮ ಪಾಲಿಗೆ. ಕಂಟೈನರ್ ಹಡಗಾದರೆ ನೂರಾರು ಶೀತಲ ಪೆಟ್ಟಿಗೆಗಳ ತಾಪವನ್ನು ದಿನವೂ ನೋಡಬೇಕು. ಇಷ್ಟಕ್ಕೆಲ್ಲ ಸಾಮಾನ್ಯವಾಗಿ ನೀವು ಒಬ್ಬರೇ.

ಆಗುಂಬೆ ಸೀಮೆಯ ಮಳೆಗೆ ಮರ ಬಿದ್ದು ಲೈನು ಹರಿದರೆ ಮೆಸ್ಕಾಂನವರು ಬರುವ ತನಕ ಕಾಯುತ್ತೇವೆ. ಹಳ್ಳದ ನೀರಿಗೆ ಪುಟ್ಟ ಟರ್ಬೈನು ಕೂರಿಸಿ ಮನೆಗೆ ಬೆಳಕು ಮಾಡಿಕೊಂಡವರೂ ನಮ್ಮಲ್ಲಿದ್ದಾರೆ. ಅಂಥ ಮನೆಯಲ್ಲಿ ಬೆಳೆದು, ಮೋಟಾರು ಬಿಚ್ಚಿ ಜೋಡಿಸಿದ ಕೈಗೆ ಹಡಗಿನ ಕೆಲಸ ಬೇಗ ಹತ್ತುತ್ತದೆ. ಅಲ್ಲೂ ಎಲ್ಲವನ್ನೂ ನಾವೇ ಸರಿಮಾಡಿಕೊಳ್ಳಬೇಕು, ನಡುಸಮುದ್ರಕ್ಕೆ ಯಾವ ಲೈನ್‌ಮನ್ನೂ ಬರುವುದಿಲ್ಲ.

ದೋಷ ಮುಚ್ಚಿಡುವುದು ಎಷ್ಟು ಸುಲಭ ಎಂಬುದಕ್ಕೆ ಅರ್ತ್ ಫಾಲ್ಟನ್ನೇ ನೋಡಿ. ಹಡಗಿನ 440 ವೋಲ್ಟ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ಲನ್ನು ಅರ್ತ್‌ಗೆ ಕಟ್ಟಿರುವುದಿಲ್ಲ. ಒಂದು ಫೇಸು ಹಡಗಿನ ಉಕ್ಕಿಗೆ ತಾಗಿದರೂ ಫ್ಯೂಸು ಹೋಗದು, ಮೋಟಾರು ನಿಲ್ಲದು. ಚುಕ್ಕಾಣಿಯ ಯಂತ್ರದಂಥದ್ದು ಒಂದೇ ದೋಷಕ್ಕೆ ನಿಂತುಬಿಡಬಾರದು ಎಂದೇ ಹೀಗೆ ಮಾಡಿದ್ದಾರೆ. ಸ್ವಿಚ್‌ಬೋರ್ಡಿನ ಇನ್ಸುಲೇಶನ್ ಮೀಟರಿನ ಮುಳ್ಳು ಸೊನ್ನೆಯ ಕಡೆಗೆ ಇಳಿದಿರುತ್ತದೆ, ಅಲಾರಾಂ ಒಮ್ಮೆ ಕೂಗುತ್ತದೆ, ಅಷ್ಟೇ. ಗುಂಡಿ ಒತ್ತಿ ಸುಮ್ಮನಾಗಿಸಿ ಮಲಗಬಹುದು, ಬೆಳಗಿನ ತನಕ ಯಾರಿಗೂ ತಿಳಿಯದು. ಆದರೆ ಬೇರೆಡೆ ಇನ್ನೊಂದು ಫೇಸು ಉಕ್ಕಿಗೆ ತಾಗಿದ ಕ್ಷಣ ಅದು ಶಾರ್ಟ್ ಸರ್ಕ್ಯೂಟು. ಆಗ ಯಾವ ಯಂತ್ರ ನಿಲ್ಲುತ್ತದೋ ಹೇಳಲಾಗದು.

ಹಾಗಾಗಿ ಎದ್ದು ಹುಡುಕಬೇಕು. ಬ್ರಿಡ್ಜಿಗೂ ಡ್ಯೂಟಿ ಎಂಜಿನಿಯರಿಗೂ ತಿಳಿಸಿ, ನಿಲ್ಲಿಸಬಹುದಾದ ಬ್ರೇಕರುಗಳನ್ನು ಒಂದೊಂದಾಗಿ ತೆಗೆದು ಹಾಕುತ್ತ ಮುಳ್ಳು ನೋಡಬೇಕು. ಯಾವುದನ್ನು ತೆಗೆದಾಗ ಮುಳ್ಳು ಮೇಲೇರಿತೋ ಆ ದಾರಿ ಹಿಡಿದು ಕೆಳಗಿನ ಬೋರ್ಡಿಗೆ, ಅಲ್ಲಿಂದ ಒಂದು ಸರ್ಕ್ಯೂಟಿಗೆ ಇಳಿಯಬೇಕು. ಕೊನೆಗೆ ಸಿಗುವುದು ಡೆಕ್ಕಿನ ಮೂಲೆಯ ಒಂದು ದೀಪವಿರಬಹುದು. ಗಾಜಿನಡಿಯ ರಬ್ಬರು ಸವೆದು, ಉಪ್ಪುನೀರು ಒಳಗಿಳಿದು, ತಾಮ್ರಕ್ಕೆ ಹಸಿರು ಹತ್ತಿರುತ್ತದೆ. ಲೈನು ಸತ್ತಿದೆಯೆಂದು ಖಾತ್ರಿಪಡಿಸಿಕೊಂಡು, ಒರೆಸಿ, ಒಣಗಿಸಿ, ಮೆಗ್ಗರ್ ಹಿಡಿದು ನೋಡಿ, ಹೊಸ ರಬ್ಬರು ಹಾಕಿದರೆ ಕೆಲಸ ಮುಗಿಯಿತು. ಸಣ್ಣ ಕೆಲಸವೇ, ಆದರೆ ಹಡಗು ಕಾಯುವುದು ಇಂಥವೇ.

2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರಿನಲ್ಲಿ ನಡೆದದ್ದು ನಿಮಗೆ ನೆನಪಿರಬೇಕು. ಸುಮಾರು 300 ಮೀಟರ್ ಉದ್ದದ ‘ಡಾಲಿ’ ಎಂಬ ಕಂಟೈನರ್ ಹಡಗು ಬಂದರು ಬಿಡುವಾಗಲೇ ಕರೆಂಟು ಹೋಗಿ, ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಡಿಕ್ಕಿ ಹೊಡೆಯಿತು. ಸೇತುವೆ ಕುಸಿಯಿತು. ಮೇಲೆ ರಸ್ತೆ ದುರಸ್ತಿಯಲ್ಲಿದ್ದ ಆರು ಕಾರ್ಮಿಕರು ಸತ್ತರು. ಹಡಗಿನಲ್ಲಿದ್ದವರಲ್ಲಿ ಹೆಚ್ಚಿನವರು ಭಾರತೀಯರು. ಅಮೆರಿಕದ ತನಿಖಾ ಮಂಡಳಿ 2025ರ ನವೆಂಬರಿನಲ್ಲಿ ಕಾರಣ ಹೇಳಿತು: ಒಂದು ಸಿಗ್ನಲ್ ತಂತಿ ಟರ್ಮಿನಲ್ಲಿನಲ್ಲಿ ಪೂರ್ತಿ ಕೂತಿರಲಿಲ್ಲ. ತಂತಿಗೆ ಸುತ್ತಿದ್ದ ಹೆಸರಿನ ಪಟ್ಟಿ ಅಡ್ಡ ಬಂದು ಅದು ಸಡಿಲವಾಗಿಯೇ ಉಳಿದಿತ್ತು. ಹಾಗಾಗಿ ಪ್ಯಾನೆಲ್ಲಿನ ಬಾಗಿಲು ತೆರೆದಾಗಲೆಲ್ಲ ಕಣ್ಣು, ಟಾರ್ಚು, ಕೈ ಮೂರನ್ನೂ ಬಳಸಿ. ಕರೆಂಟು ತೆಗೆದು, ಕಟ್ಟಿದ ತಂತಿಯನ್ನು ಮೆಲ್ಲಗೆ ಎಳೆದು ನೋಡದೆ ಬಾಗಿಲು ಹಾಕಬೇಡಿ.

ಎಮರ್ಜೆನ್ಸಿ ಜನರೇಟರಿನ ವಿಷಯದಲ್ಲೂ ಅದೇ ಕಟ್ಟುನಿಟ್ಟು. ಮುಖ್ಯ ಕರೆಂಟು ಹೋದರೆ 45 ಸೆಕೆಂಡಿನೊಳಗೆ ಅದು ತಾನಾಗಿ ಓಡಿ ಲೋಡು ಹೊರಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ಪರೀಕ್ಷೆ ಮಾಡದೆ ಪುಸ್ತಕದಲ್ಲಿ ಟಿಕ್ ಹಾಕುವವರ ಜೊತೆ ಸೇರಬೇಡಿ.

ನಿಮ್ಮ ಜೀವವೂ ಮುಖ್ಯ. ಈಗಿನ ಹಲವು ದೊಡ್ಡ ಹಡಗುಗಳಲ್ಲಿ 6,600 ವೋಲ್ಟ್ ಇರುತ್ತದೆ. ಬ್ರೇಕರು ತೆಗೆದು, ಬೀಗ ಹಾಕಿ, ಬೀಗದ ಕೈ ನಿಮ್ಮ ಕಿಸೆಯಲ್ಲೇ ಇಟ್ಟುಕೊಳ್ಳಿ. ಟೆಸ್ಟರ್ ಸರಿಯಿದೆಯೇ ಎಂದು ಮೊದಲು ನೋಡಿ, ಆಮೇಲೆ ಲೈನು ನೋಡಿ, ಮತ್ತೆ ಟೆಸ್ಟರ್ ನೋಡಿ. ಬಳಿಕ ಅರ್ತ್ ಮಾಡಿಯೇ ಕೈ ಹಾಕಿ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ನಿಮ್ಮ ಹಕ್ಕು. ನಿದ್ದೆಗೆಟ್ಟವನ ಕೈಗೆ ಸ್ವಿಚ್‌ಬೋರ್ಡು ಕೊಡಬಾರದು.

ಇನ್ನು ದಾರಿ. ಕೇಂದ್ರ ಸರ್ಕಾರದ ನೌಕಾ ಮಹಾನಿರ್ದೇಶನಾಲಯದ (ಡಿಜಿ ಶಿಪ್ಪಿಂಗ್) ಮಾನ್ಯತೆಯ ಸಂಸ್ಥೆಯಲ್ಲಿ ಸುಮಾರು ನಾಲ್ಕು ತಿಂಗಳ ಇಟಿಒ ತರಬೇತಿ ಪಡೆಯಬೇಕು. ಶುಲ್ಕ ಕಟ್ಟುವ ಮೊದಲೇ ಕಣ್ಣಿನ ವೈದ್ಯರಲ್ಲಿ ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ. ಅದರಲ್ಲಿ ಸೋತರೆ ಈ ಕೆಲಸ ಸಿಗದು, ಕಟ್ಟಿದ ಹಣ ಹೋದಂತೆಯೇ. ತರಬೇತಿ ಮುಗಿದ ಮೇಲೆ ಕೆಲಸ ಕೊಡುವ ಕಂಪನಿ ಯಾವುದೆಂದೂ ಮೊದಲೇ ವಿಚಾರಿಸಿ. ಹಡಗಿಗೆ ಜನ ಕಳಿಸುವ ಏಜೆನ್ಸಿಗೆ ಆರ್‌ಪಿಎಸ್‌ಎಲ್ ಎಂಬ ನೇಮಕಾತಿ ಪರವಾನಗಿ ಇರಲೇಬೇಕು. ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವಂತಿಲ್ಲ. 2006ರ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಡಂಬಡಿಕೆಯೇ ಅದನ್ನು ತಡೆಯುತ್ತದೆ, ಭಾರತ ಅದನ್ನು 2015ರಲ್ಲಿ ಅನುಮೋದಿಸಿದೆ. ಲಕ್ಷಗಟ್ಟಲೆ ಕೊಟ್ಟರೆ ವಾರದಲ್ಲಿ ಹಡಗು ಹತ್ತಿಸುತ್ತೇನೆ ಎನ್ನುವವನ ಮಾತಿಗೆ ಅಪ್ಪನ ತೋಟ ಅಡವಿಡಬೇಡಿ.

ದುಡ್ಡಿನ ವಿಷಯದಲ್ಲೂ ಒಂದು ಮಾತು. ಹೆಚ್ಚಿನ ಕಂಪನಿಗಳಲ್ಲಿ ಹಡಗಿನಲ್ಲಿದ್ದಷ್ಟು ತಿಂಗಳಿಗೆ ಮಾತ್ರ ಸಂಬಳ. ಮನೆಯಲ್ಲಿ ಕೂತ ತಿಂಗಳುಗಳನ್ನೂ ಸೇರಿಸಿ ವರ್ಷದ ಲೆಕ್ಕ ಹಾಕಿ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು. ಮೊದಲು ಸಾಲ ತೀರಿಸಿ, ಆಮೇಲೆ ಕಾರು. ಔಷಧಿ ಹೊಡೆಯುವಾಗ, ಕೊಯ್ಲಿನಲ್ಲಿ, ಅಜ್ಜಿಗೆ ಹುಷಾರಿಲ್ಲದಾಗ ನೀವು ಮನೆಯಲ್ಲಿರುವುದಿಲ್ಲ. ಇದನ್ನು ಹೊರಡುವ ಮೊದಲೇ ಮನೆಯವರೆದುರು ಬಾಯಿಬಿಟ್ಟು ಮಾತಾಡಿ, ಯಾರು ಏನು ನೋಡಿಕೊಳ್ಳಬೇಕೆಂದು ತೀರ್ಮಾನಿಸಿ. ಮದುವೆಯಾಗುವ ಹುಡುಗಿಗೂ ಮುಚ್ಚುಮರೆಯಿಲ್ಲದೆ ಹೇಳಿ. ಹೆಣ್ಣುಮಕ್ಕಳೇ, ಈ ಮಾತೆಲ್ಲ ನಿಮಗೂ ಸೇರಿದ್ದು. ಮೆಗ್ಗರ್ ಹಿಡಿಯಲು ಗಂಡಾಗಿ ಹುಟ್ಟಬೇಕಿಲ್ಲ.

ಹೋಗುವ ಮನಸ್ಸಿದ್ದರೆ ಧೈರ್ಯವಾಗಿ ಹೋಗಿ, ಮಕ್ಕಳೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಚೀಫ್ ಎಂಜಿನಿಯರ್ ಮುಂದೆ ಹೇಳಿ, ಡ್ರಾಯಿಂಗ್ ಬಿಡಿಸಿ ಓದಿ. ಹಡಗು ಇಳಿಯುವಾಗ ಉಳಿದಿರುವ ಪ್ರತಿ ದೋಷವನ್ನೂ ಮುಂದೆ ಬರುವವರಿಗೆ ಬರೆದಿಟ್ಟು ಇಳಿಯಿರಿ. ಅದನ್ನು ಓದುವವರ ಜೀವ ನಿಮ್ಮ ಆ ಬರಹದ ಮೇಲೆ ನಿಂತಿರುತ್ತದೆ.