ನಿಂತ ಗೋಡೆಯ ತೋಟ

ನಮ್ಮ ಸಿಂಧನೂರು–ಮಸ್ಕಿ ಸೀಮೆಯಲ್ಲಿ ವಳಕಮದಿನ್ನಿ ಎಂಬ ಊರುಂಟು. ಹೆಸರಿನ ಕೊನೆಯಲ್ಲಿರುವ ‘ದಿನ್ನಿ’ ಎಂಬ ಮಾತಿಗೆ ದಿಣ್ಣೆ, ಎಂದರೆ ಎತ್ತರವಾದ ನೆಲ, ಎಂದು ಅರ್ಥ. ದಿನ್ನಿಯ ಮೇಲೆ ಬಿದ್ದ ಮಳೆ ಅಲ್ಲಿ ನಿಲ್ಲದೆ ತಗ್ಗಿಗೆ ಹರಿದುಹೋಗುವುದೆಂಬುದನ್ನು ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಆದುದರಿಂದಲೇ ಅವನು ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕುತ್ತಾನೆ. ಈಗ ಆ ದಿನ್ನಿಯ ಇಳಿಜಾರನ್ನು ಹೆಚ್ಚಿಸುತ್ತ ಹೋಗಿ, ಕೊನೆಗೆ ನೆಟ್ಟಗೆ ನಿಲ್ಲಿಸಿದೆವೆಂದು ಭಾವಿಸೋಣ. ಅದು ಗೋಡೆಯಾಗುವುದು. ಅಂತಹ ಗೋಡೆಯ ಮೇಲೆ ತೋಟವನ್ನು ಬೆಳೆಸಬಹುದೇ?

ಬೆಳೆಸಬಹುದೆಂದು ಈಚಿನ ಕಲಾವಿದರು ತೋರಿಸಿದ್ದಾರೆ. ಕಲ್ಲು, ಬಣ್ಣ, ಲೋಹಗಳಿಗೆ ಬದಲಾಗಿ ಜೀವಂತ ಸಸ್ಯಗಳನ್ನೇ ಸಾಮಗ್ರಿಯಾಗಿ ಬಳಸಿ ನಗರದ ನಡುವೆ ಕೃತಿಗಳನ್ನು ನಿಲ್ಲಿಸುವ ಒಂದು ಪದ್ಧತಿ ಬೆಳೆದುಬಂದಿದೆ. 1982ರಲ್ಲಿ ಆಗ್ನೆಸ್ ಡೆನೆಸ್ ಎಂಬಾಕೆ ನ್ಯೂಯಾರ್ಕ್ ನಗರದ ಮುಗಿಲೆತ್ತರದ ಕಟ್ಟಡಗಳ ಪಕ್ಕದಲ್ಲಿ 2 ಎಕರೆ ಗೋಧಿಯನ್ನು ಬಿತ್ತಿ ಬೆಳೆದು ಕೊಯ್ಲು ಮಾಡಿದರು. ಅದೇ ವರ್ಷ ಜರ್ಮನಿಯ ಕಾಸೆಲ್ ನಗರದಲ್ಲಿ ಜೋಸೆಫ್ ಬಾಯ್ಸ್ 7,000 ಮರಗಳನ್ನು ನೆಡಿಸುವ ಕೃತಿಯನ್ನು ಆರಂಭಿಸಿದರು. ಪ್ರತಿಯೊಂದು ಸಸಿಯ ಮಗ್ಗುಲಲ್ಲಿಯೂ ಒಂದು ಕರಿಗಲ್ಲಿನ ಕಂಬವನ್ನು ನಿಲ್ಲಿಸಲಾಯಿತು. ಕೊನೆಯ ಸಸಿಯನ್ನು ನೆಟ್ಟದ್ದು 1987ರಲ್ಲಿ. ಆ ವೇಳೆಗೆ ಬಾಯ್ಸ್ ತೀರಿಕೊಂಡಿದ್ದರು. ಕಲ್ಲು ಇದ್ದಷ್ಟೇ ಇರುತ್ತದೆ, ಮರವಾದರೋ ವರ್ಷವರ್ಷವೂ ಬೆಳೆಯುತ್ತದೆ. ಅವೆರಡರ ಅಳತೆ ಬದಲಾಗುತ್ತ ಹೋಗುವುದೇ ಆ ಕೃತಿಯ ಸ್ವಾರಸ್ಯ.

ನಮ್ಮ ನಾಡಿಗೆ ಬಂದರೆ, ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಕಟ್ಟಿದ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನವನ್ನು ಅನೇಕರು ನೋಡಿರಬಹುದು. ಅಲ್ಲಿ ಹೂಗಳಿಂದ ಕಟ್ಟುವ ಗೋಪುರ, ಮಂಟಪಗಳು ಬಹುಮಟ್ಟಿಗೆ ಕೊಯ್ದ ಹೂಗಳ ಕೆಲಸ. ಕೆಲವು ದಿನಗಳಲ್ಲಿ ಬಾಡುತ್ತವೆ. ಅದೇ ತೋಟದಲ್ಲಿರುವ, 1983ರಲ್ಲಿ ಎಚ್.ಎಂ.ಟಿ. ಸಂಸ್ಥೆಯು ಕೊಟ್ಟ ಹೂಗಡಿಯಾರದ ಮುಖವು ಬೇರುಳ್ಳ ಗಿಡಗಳಿಂದ ಆದದ್ದು. 2017ರಲ್ಲಿ ಹೊಸೂರು ರಸ್ತೆಯ ಮೇಲ್ಸೇತುವೆಯ ಕಂಬಕ್ಕೆ ಸಸಿಗಳನ್ನು ಹೊದಿಸಿ ನೆಟ್ಟನೆಯ ತೋಟ ಮಾಡುವ ಪ್ರಯತ್ನವೂ ನಡೆಯಿತು. ಇಂತಹ ಕೃತಿಗಳು ನಮ್ಮ ಬಿಸಿಲುನಾಡಿನ ಊರುಗಳಿಗೂ ಬರಬಹುದೇ ಎಂಬುದು ನಮ್ಮ ಪ್ರಶ್ನೆ. ಅದಕ್ಕೆ ಉತ್ತರ ಕಲಾಶಾಸ್ತ್ರಕ್ಕಿಂತ ಹೆಚ್ಚಾಗಿ ಭೌತಶಾಸ್ತ್ರದಲ್ಲಿದೆ.

ಮಣ್ಣಿಲ್ಲದ ಗೋಡೆ

ಈ ಕಲೆಯಲ್ಲಿ ಹೆಸರಾದವರು ಫ್ರಾನ್ಸಿನ ಸಸ್ಯವಿಜ್ಞಾನಿ ಪಾತ್ರಿಕ್ ಬ್ಲಾಂಕ್. ಉಷ್ಣವಲಯದ ಕಾಡುಗಳಲ್ಲಿ ಜಲಪಾತದ ಪಕ್ಕದ ಬಂಡೆಗಳಿಗೆ ಅಂಟಿಕೊಂಡು, ಮಣ್ಣೇ ಇಲ್ಲದೆ ಎಷ್ಟೋ ಸಸ್ಯಗಳು ಬದುಕುವುದನ್ನು ಅವರು ಗಮನಿಸಿದರು. ಗಿಡಕ್ಕೆ ಬೇಕಾದುದು ನೀರು, ಅದರಲ್ಲಿ ಕರಗಿದ ಲವಣಗಳು, ಬೆಳಕು, ಗಾಳಿ ಮತ್ತು ಬೇರಿಗೊಂದು ಹಿಡಿತ. ಆದುದರಿಂದ ಅವರು ಗೋಡೆಗೆ ಲೋಹದ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹಲಗೆ, ಅದರ ಮೇಲೆ ಕೃತಕ ನೂಲಿನ ದಪ್ಪ ಬಟ್ಟೆಯನ್ನು ಹೊದಿಸಿ, ಬಟ್ಟೆಯ ಸಂದಿಗಳಲ್ಲಿ ಸಸಿಗಳನ್ನಿರಿಸಿದರು. ಲವಣ ಬೆರೆತ ನೀರು ಮೇಲಿನ ಕೊಳವೆಯಿಂದ ತೊಟ್ಟಿಕ್ಕುತ್ತ ಬಟ್ಟೆಯನ್ನು ತೋಯಿಸುತ್ತದೆ. 2006ರಲ್ಲಿ ತೆರೆದ ಪ್ಯಾರಿಸ್ಸಿನ ಕೆ ಬ್ರಾನ್ಲಿ ವಸ್ತುಸಂಗ್ರಹಾಲಯದಲ್ಲಿ ಅವರು ಮಾಡಿದ ಹಸುರು ಗೋಡೆಯ ವಿಸ್ತಾರ ಸುಮಾರು 800 ಚದರ ಮೀಟರು.

ಇಲ್ಲಿ ನೀರನ್ನು ಹಿಡಿದಿಡುವುದು ಕೇಶಾಕರ್ಷಣ. ದೀಪದ ಬತ್ತಿಯಲ್ಲಿ ಎಣ್ಣೆಯನ್ನು ಏರಿಸುವ ಶಕ್ತಿಯೇ ಇದು. ರಂಧ್ರವು ಕಿರಿದಾದಷ್ಟೂ ನೀರು ಹೆಚ್ಚು ಎತ್ತರಕ್ಕೆ ನಿಲ್ಲುತ್ತದೆ. 1/10 ಮಿಲಿಮೀಟರು ತ್ರಿಜ್ಯವುಳ್ಳ ನಾಳದಲ್ಲಿ ಸುಮಾರು 15 ಸೆಂಟಿಮೀಟರು, 1/100 ಮಿಲಿಮೀಟರಿನಲ್ಲಿ ಸುಮಾರು ಒಂದೂವರೆ ಮೀಟರು. ಬಟ್ಟೆಯ ದೊಡ್ಡ ಸಂದಿಗಳಲ್ಲಿರುವ ನೀರನ್ನು ಗುರುತ್ವಾಕರ್ಷಣವು ಕೆಳಕ್ಕೆ ಎಳೆಯುವುದರಿಂದ, ಗೋಡೆಯ ತಲೆಭಾಗ ಬೇಗ ಒಣಗುತ್ತದೆ, ಬುಡ ಬಹಳ ಹೊತ್ತು ಒದ್ದೆಯಾಗಿರುತ್ತದೆ. ಒಣನೆಲದ ಸಸ್ಯಗಳು ಮೇಲೆ, ಜವುಗನ್ನು ಸಹಿಸುವವು ಕೆಳಗೆ ಇದ್ದರೆ ಮಾತ್ರ ಎರಡೂ ಉಳಿದಾವು. ಬಣ್ಣಗಳ ಜೋಡಣೆಯಲ್ಲಿ ಕಲಾವಿದನಿಗೆ ಎಷ್ಟು ಸ್ವಾತಂತ್ರ್ಯವಿದ್ದರೂ ಈ ನಿಯಮವನ್ನು ಅವನು ಮೀರಲಾರ.

ಬಾಗುವ ಗಿಡ

ಗೋಡೆಯಲ್ಲಿ ಅಡ್ಡಲಾಗಿ ನೆಟ್ಟ ಸಸಿ ಅಡ್ಡಲಾಗಿಯೇ ಇರುವುದಿಲ್ಲ. ಅದರ ತುದಿ ಮೇಲಕ್ಕೂ ಬೇರು ಕೆಳಕ್ಕೂ ಬಾಗುವುವು. ಇದಕ್ಕೆ ಗುರುತ್ವಾಕರ್ಷಣವೇ ಕಾರಣವೆಂಬುದನ್ನು 1806ರಲ್ಲಿ ಇಂಗ್ಲೆಂಡಿನ ನೈಟ್ ಎಂಬಾತ ಪ್ರಯೋಗದಿಂದ ತೋರಿಸಿದನು. ಹರಿಯುವ ನೀರಿನಿಂದ ವೇಗವಾಗಿ ತಿರುಗುವ ಚಕ್ರಕ್ಕೆ ಅವನು ಮೊಳಕೆಯೊಡೆಯುವ ಬೀಜಗಳನ್ನು ಕಟ್ಟಿದನು. ಬೇರುಗಳೆಲ್ಲ ಚಕ್ರದ ಹೊರಕ್ಕೂ ಕುಡಿಗಳೆಲ್ಲ ಅದರ ನಡುವಿಗೂ ಬೆಳೆದವು. ಚಕ್ರದ ಸುತ್ತಾಟದಿಂದ ಉಂಟಾದ ಹೊರಸೆಳೆತವನ್ನೇ ಬೀಜಗಳು ‘ಕೆಳಗು’ ಎಂದು ತಿಳಿದಂತಾಯಿತು. ಬೇರಿನ ತುದಿಯ ಜೀವಕೋಶಗಳಲ್ಲಿರುವ ಪಿಷ್ಟದ ಕಣಗಳು ಭಾರದಿಂದ ಒಂದು ಮಗ್ಗುಲಿಗೆ ಇಳಿಯುವುದರಿಂದ ಗಿಡಕ್ಕೆ ಈ ಅರಿವು ದೊರೆಯುವುದೆಂದು ಈಗ ತಿಳಿದಿದೆ. ಹೀಗಾಗಿ ಹಸುರು ಗೋಡೆಯ ಚಿತ್ರವು ಕಲಾವಿದನು ಬಿಟ್ಟುಹೋದಂತೆ ಉಳಿಯದೆ, ವಾರದಿಂದ ವಾರಕ್ಕೆ ತಾನೇ ತಿದ್ದಿಕೊಳ್ಳುತ್ತದೆ.

ನೀರಿನ ಲೆಕ್ಕ

ಎಲೆಗಳು ಸೂಕ್ಷ್ಮ ರಂಧ್ರಗಳ ಮೂಲಕ ನೀರನ್ನು ಆವಿಯಾಗಿ ಬಿಡುತ್ತವೆ. ಇದಕ್ಕೆ ಬಾಷ್ಪವಿಸರ್ಜನೆಯೆಂದು ಹೆಸರು. ಒಂದು ಲೀಟರು ನೀರು ಆವಿಯಾಗಬೇಕಾದರೆ ಸುಮಾರು 24 ಲಕ್ಷ ಜೂಲ್ ಉಷ್ಣವನ್ನು ಹೀರಿಕೊಳ್ಳಬೇಕು. ಒಂದು ಚದರ ಮೀಟರು ಹಸುರು ಗೋಡೆ ದಿನಕ್ಕೆ 3 ಲೀಟರು ನೀರನ್ನು ಆವಿಮಾಡುವುದೆಂದು ಇಟ್ಟುಕೊಳ್ಳೋಣ. ಆಗ ಅದು ಹೀರುವ ಉಷ್ಣ 72 ಲಕ್ಷ ಜೂಲ್, ಎಂದರೆ ಸರಿಯಾಗಿ 2 ಯೂನಿಟ್ ವಿದ್ಯುತ್ತಿಗೆ ಸಮ. ಹಸುರು ಗೋಡೆಯ ಬಳಿ ತಂಪೆನಿಸುವುದು ಬರಿಯ ಭಾವನೆಯಲ್ಲವೆಂದಾಯಿತು.

ಆದರೆ ಲೆಕ್ಕದ ಇನ್ನೊಂದು ಮುಖವನ್ನೂ ನೋಡಬೇಕು. 20 ಚದರ ಮೀಟರಿನ ಗೋಡೆಗೆ ದಿನಕ್ಕೆ 60 ಲೀಟರು, ಎಂದರೆ 15 ಲೀಟರಿನ 4 ಕೊಡ ನೀರು ಬೇಕು. ಬೇಸಿಗೆಯ 90 ದಿನಗಳಿಗೆ 5,400 ಲೀಟರು. ನಳದ ನೀರಿಗಾಗಿ ನಾಲ್ಕಾರು ದಿನ ಕಾಯುವ ಓಣಿಯ ಪಕ್ಕದಲ್ಲಿ ಇಂತಹ ಗೋಡೆಯನ್ನು ನಿಲ್ಲಿಸಿ, ಕುಡಿಯುವ ನೀರನ್ನೇ ಅದಕ್ಕೆ ಉಣಿಸುವುದು ಸರಿಯೇ? ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ. ಹಾಗೆಂದು ಕೃತಿಯನ್ನೇ ಕೈಬಿಡಬೇಕಾಗಿಲ್ಲ, ಉಪಾಯಗಳುಂಟು.

ಮೊದಲನೆಯದು ದಿಕ್ಕಿನ ಆಯ್ಕೆ. ಪಡುವಣ ಗೋಡೆಗೆ ಬಿಸಿಲು ಬೀಳುವುದು ಗಾಳಿಯೂ ಕಾದಿರುವ ಅಪರಾಹ್ನದಲ್ಲಿ. ಮೂಡಣ ಗೋಡೆಗೆ ಬೆಳಗಿನ ಎಳೆಬಿಸಿಲು ದೊರೆತು, ಮಧ್ಯಾಹ್ನದ ಮೇಲೆ ನೆರಳಾಗುವುದು. ಎರಡನೆಯದು ಸಸ್ಯದ ಆಯ್ಕೆ. ಕತ್ತಾಳೆ, ಲೋಳೆಸರ, ಪಾಪಾಸುಕಳ್ಳಿಗಳು ಎಲೆ ಅಥವಾ ಕಾಂಡದ ರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುವುದರಿಂದ ನೀರಿನ ಖರ್ಚು ಬಹಳ ಕಡಿಮೆ. ಆದರೆ ಆವಿ ಕಡಿಮೆಯಾದಾಗ ತಂಪೂ ಕಡಿಮೆ. ನೆರಳಿನ ಪ್ರಯೋಜನವೊಂದೇ ಉಳಿಯುವುದು.

ಮೂರನೆಯ ಉಪಾಯ ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು. ಬೇರನ್ನು ಗೋಡೆಗೆ ಏರಿಸುವುದಕ್ಕೆ ಬದಲಾಗಿ ನೆಲದಲ್ಲಿಯೇ ಬಿಟ್ಟು, ಬಳ್ಳಿಯನ್ನು ಮಾತ್ರ ಗೋಡೆಗೆ ಹಬ್ಬಿಸುವುದು. ಎಲೆಯಿಂದ ನೀರು ಆವಿಯಾದಂತೆ, ಒಂದಕ್ಕೊಂದು ಹಿಡಿದುಕೊಂಡ ನೀರಿನ ಅಣುಗಳ ಸಾಲು ಬೇರಿನಿಂದ ಮೇಲಕ್ಕೆ ಎಳೆಯಲ್ಪಡುತ್ತದೆ. ಈ ವಿವರಣೆಯನ್ನು 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಎಂಬುವರು ಮುಂದಿಟ್ಟರು. ಪಂಪೂ ಬೇಡ, ವಿದ್ಯುತ್ತೂ ಬೇಡ. ನೀರೆತ್ತುವ ಕೆಲಸವನ್ನು ಸೂರ್ಯನೇ ಮಾಡುತ್ತಾನೆ. ಎಲೆಗಳು ಆವಿಗೆ ಕಳೆದುಕೊಳ್ಳುವ ನೀರು ಹೇಗೂ ಬೇಕೇಬೇಕು. ಆದರೆ ನಮ್ಮ ಎರೆನೆಲ ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವುದರಿಂದ, ಒಂದು ದಿನ ನೀರು ತಪ್ಪಿದರೂ ಬಳ್ಳಿ ಸಾಯುವುದಿಲ್ಲ. ಕೈಕಾಲು ತೊಳೆದ ನೀರನ್ನು ಬಚ್ಚಲಿನ ಕಾಲುವೆಯಿಂದ ಬುಡಕ್ಕೆ ತಿರುಗಿಸಿದರೂ ಆದೀತು. ಹಿತ್ತಲಿನ ಚಪ್ಪರಕ್ಕೆ ಹೀರೆ, ಅವರೆಗಳನ್ನು ಹಬ್ಬಿಸುವ ನಮ್ಮ ತಾಯಂದಿರಿಗೆ ಈ ವಿದ್ಯೆ ಹೊಸದಲ್ಲ. ಅದನ್ನು ಕಣ್ಣಿಗೆ ಒಪ್ಪುವಂತೆ ಶಾಲೆಯ ಗೋಡೆಗೋ ಬಸ್ ನಿಲ್ದಾಣಕ್ಕೋ ತರುವುದು ಮುಂದಿನ ಕಲಾವಿದರ ಕೆಲಸ.

ಒಂದು ಪ್ರಯೋಗ

ಒಂದು ಮೀಟರು ಉದ್ದದ ಗೋಣಿತಟ್ಟನ್ನು ಪಡಸಾಲೆಯ ನೆರಳಿನಲ್ಲಿ ತೂಗುಹಾಕಿರಿ. ನೆನೆಸಿದ ಸಾಸಿವೆಯನ್ನು ಮೇಲೆ, ನಡುವೆ, ಕೆಳಗೆ ಮೂರು ಸಾಲಾಗಿ ಅದರ ಎಳೆಗಳೊಳಗೆ ಸಿಕ್ಕಿಸಿರಿ. ದಿನಕ್ಕೆರಡು ಬಾರಿ ತಟ್ಟಿನ ಮೇಲ್ತುದಿಗೆ ಮಾತ್ರ ಅಳತೆಯ ನೀರೆರೆಯಿರಿ. ಕೆಳಗೆ ತೊಟ್ಟಿಕ್ಕಿದುದನ್ನು ಪಾತ್ರೆಯಲ್ಲಿ ಹಿಡಿದು ಅಳೆಯಿರಿ. ಯಾವ ಸಾಲು ಮೊದಲು ಬಾಡುವುದು? ಐದನೆಯ ದಿನ ತಟ್ಟನ್ನು ತಲೆಕೆಳಗು ಮಾಡಿದರೆ ಕುಡಿಗಳು ಎಷ್ಟು ಹೊತ್ತಿನಲ್ಲಿ ಹಿಂದಿರುಗಿ ಬಾಗುವುವು? ಬರೆದಿಟ್ಟುಕೊಳ್ಳಿರಿ.

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬರುವವರೆಗೆ, ಯಾರ ಆರೈಕೆಯೂ ಇಲ್ಲದೆ ಎರಡು ಸಾವಿರಕ್ಕೂ ಮಿಕ್ಕಿದ ವರ್ಷ ಉಳಿದಿತ್ತು. ಸಸ್ಯಗಳಿಂದಾದ ಕೃತಿಗೆ ಆ ಭಾಗ್ಯವಿಲ್ಲ. ನಾಳೆ ಬೆಳಿಗ್ಗೆ ಯಾರಾದರೂ ಬಂದು ಅದಕ್ಕೆ ನೀರೆರೆಯಬೇಕು. ಆ ನೀರು ಎಲ್ಲಿಂದ ಬರುವುದೆಂಬ ಲೆಕ್ಕವನ್ನು ಗಿಡ ನೆಡುವ ಮೊದಲೇ ಮಾಡಿಟ್ಟುಕೊಳ್ಳುವುದು ಲೇಸು.