ಕನ್ನಡ ಅಕ್ಷರವೂ ಗ್ರಾಫಿಕ್ ಡಿಸೈನಿನ ಮೊದಲ ಪಾಠಗಳೂ

ಗ್ರಾಫಿಕ್ ಡಿಸೈನ್ ಎಂಬ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಯ ನೆನಪಿಗೆ ಬರುವುದು ಗಣಕಯಂತ್ರ, ಬಣ್ಣಬಣ್ಣದ ಫ್ಲೆಕ್ಸು ಮತ್ತು ಮದುವೆಯ ಕರೆಯೋಲೆ. ಅದು ನಗರವಾಸಿಗಳ ವಿದ್ಯೆ, ಕಲಾಶಾಲೆಯಲ್ಲಿ ಓದಿದವರ ಸ್ವತ್ತು, ಲಿಂಗಸುಗೂರಿನ ಬಿ.ಎ. ವಿದ್ಯಾರ್ಥಿಗೆ ಅದರಿಂದೇನು ಎಂಬ ಭಾವನೆಯೂ ಉಂಟು. ಕಳೆದೆರಡು ವರ್ಷಗಳಿಂದ ಕಾಲೇಜಿನ ಭಿತ್ತಿಪತ್ರಿಕೆಯ ಹಾಳೆಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದುದರಿಂದ ಈ ವಿದ್ಯೆಯ ಆರಂಭದ ಪುಸ್ತಕಗಳು ಕೆಲವನ್ನು ಓದಬೇಕಾಯಿತು. ಓದಿದುದರಲ್ಲಿ ಅರ್ಧಭಾಗ ಯಾವ ಭಾಷೆಯವರಿಗಾದರೂ ಸಲ್ಲತಕ್ಕದ್ದು. ಉಳಿದರ್ಧ ಇಂಗ್ಲಿಷ್ ಅಕ್ಷರಕ್ಕೆಂದು ಹುಟ್ಟಿದ ನಿಯಮಗಳು. ಈ ಎರಡನೆಯ ಭಾಗವನ್ನು ನಾವು ಕನ್ನಡ ಅಕ್ಷರದ ಮೈಕಟ್ಟನ್ನು ನೋಡಿಕೊಂಡು ಹೊಸದಾಗಿಯೇ ಕಲಿಯಬೇಕಾಗುತ್ತದೆ. ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ನಾನು ಇಡಬಯಸುವ ವಿಷಯ ಇಷ್ಟೆ.

ವಿನ್ಯಾಸವನ್ನು ಅಲಂಕಾರವೆಂದು ತಿಳಿಯುವುದು ವಾಡಿಕೆ. ಆದರೆ ಒಂದು ಹಾಳೆಯನ್ನು ನೋಡಿದವನ ಕಣ್ಣು ಮೊದಲು ಎಲ್ಲಿಗೆ ಹೋಗಬೇಕು, ಆಮೇಲೆ ಎಲ್ಲಿಗೆ, ಎಲ್ಲಿ ನಿಲ್ಲಬೇಕು ಎಂಬುದನ್ನು ಮುಂಚಿತವಾಗಿ ಗೊತ್ತುಮಾಡುವುದೇ ಅದರ ಮುಖ್ಯ ಕೆಲಸ. ಅಲಂಕಾರ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಜರ್ಮನಿಯ ವೈಮಾರ್ ನಗರದಲ್ಲಿ ೧೯೧೯ರಲ್ಲಿ ವಾಲ್ಟರ್ ಗ್ರೋಪಿಯಸ್ ಸ್ಥಾಪಿಸಿದ ಬೌಹೌಸ್ ಶಾಲೆ ಈ ವಿಚಾರವನ್ನು ಪಾಠಕ್ರಮಕ್ಕೆ ತಂದಿತು. ಅಲ್ಲಿ ಬೋಧಿಸುತ್ತಿದ್ದ ಕಾಂಡಿನ್‌ಸ್ಕಿ ಬಿಂದು, ರೇಖೆ, ಸಮತಲ ಎಂಬ ಮೂರನ್ನೇ ಹಿಡಿದು ೧೯೨೬ರಲ್ಲಿ ಒಂದು ಪುಸ್ತಕ ಬರೆದನು. ನಮ್ಮ ದೇಶದಲ್ಲಿ ಈ ವಿದ್ಯೆಗೆಂದು ರಾಷ್ಟ್ರೀಯ ಸಂಸ್ಥೆ ಅಹಮದಾಬಾದಿನಲ್ಲಿ ಆರಂಭವಾದದ್ದು ೧೯೬೧ರಲ್ಲಿ.

ಬಿಂದು, ರೇಖೆ, ಆಕಾರಗಳನ್ನು ಕಲಿಯಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಮೊದಲು ನಮ್ಮ ತಾಲೂಕಿನಲ್ಲೇ ಇದ್ದು ಈಗ ತಾನೇ ಒಂದು ತಾಲೂಕಾಗಿರುವ ಮಸ್ಕಿಯ ಬಂಡೆಯ ಬಳಿಗೆ ಹೋದರೆ ಸಾಕು. ೧೯೧೫ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಎಂಬುವರು ಅಲ್ಲಿ ಅಶೋಕನ ಶಾಸನವನ್ನು ಕಂಡರು. ಚಿನ್ನ ಹುಡುಕುವವರಿಗೆ ಅಕ್ಷರ ಸಿಕ್ಕಿತು! ಅದುವರೆಗೆ ದೊರೆತ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಮುಂತಾದ ಬಿರುದುಗಳು ಮಾತ್ರ ಇದ್ದವು. ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಮೊದಲು ಕಂಡದ್ದು ಇಲ್ಲಿಯೇ. ಇದು ಚರಿತ್ರೆಯ ತರಗತಿಯಲ್ಲಿ ನಾವೆಲ್ಲ ಓದಿರುವ ಸಂಗತಿ. ಚರಿತ್ರೆಯ ತರಗತಿಯಲ್ಲಿ ಹೇಳದಿರುವುದು ಆ ಅಕ್ಷರಗಳ ಆಕಾರದ ವಿಷಯ. ಅಶೋಕನ ಕಾಲದ ಬ್ರಾಹ್ಮಿಯಲ್ಲಿ ‘ಕ’ ಎಂದರೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ, ಅಂದರೆ ಕೂಡುವ ಚಿಹ್ನೆ. ‘ಠ’ ಎಂದರೆ ಒಂದು ವೃತ್ತ; ಅದರೊಳಗೆ ಒಂದು ಚುಕ್ಕೆ ಇಟ್ಟರೆ ‘ಥ’. ‘ಎ’ ಎಂದರೆ ತ್ರಿಕೋನ. ‘ಇ’ ಎಂದರೆ ಮೂರು ಚುಕ್ಕೆಗಳು. ಕಾಂಡಿನ್‌ಸ್ಕಿಯ ಪಾಠವೆಲ್ಲ ಆ ಲಿಪಿಯಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಅಲ್ಲಿಂದ ಇಂದಿನ ಕನ್ನಡಕ್ಕೆ ಬಂದರೆ ಗೆರೆಗಳೆಲ್ಲ ಗುಂಡಗಾಗಿವೆ. ತಾಳೆಗರಿಯ ಮೇಲೆ ಕಂಠದಿಂದ ನೇರವಾದ ಗೆರೆ ಎಳೆದರೆ ಗರಿ ಸೀಳುತ್ತದೆ, ಬಾಗಿಸಿ ಬರೆದರೆ ಉಳಿಯುತ್ತದೆ ಎಂದು ಇದಕ್ಕೆ ಕಾರಣ ಹೇಳುವುದುಂಟು. ಉಳಿ, ಕಂಠ, ಕುಂಚ, ಸೀಸದ ಮೊಳೆ—ಒಂದೊಂದು ಉಪಕರಣವೂ ಅಕ್ಷರಕ್ಕೆ ತನ್ನ ಗುರುತನ್ನು ಬಿಟ್ಟುಹೋಗಿದೆ. ಗಣಕಯಂತ್ರದ ಮುಂದೆ ಕುಳಿತ ನಾವು ಈ ಗುರುತುಗಳನ್ನು ಕಾಣದೆ, ಅಕ್ಷರವನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸುತ್ತೇವೆ. ಅಗಲವನ್ನು ಎಳೆದಾಗ ಗೆರೆಯ ದಪ್ಪ ಒಂದು ಕಡೆ ಹೆಚ್ಚಿ ಇನ್ನೊಂದು ಕಡೆ ಇದ್ದಂತೆಯೇ ಇರುತ್ತದೆ. ಅಕ್ಷರ ಬಾತುಕೊಂಡವನ ಮುಖದಂತಾಗುತ್ತದೆ.

ಎರಡನೆಯ ಪಾಠ ಆಕೃತಿ ಮತ್ತು ಹಿನ್ನೆಲೆಯದು. ಮಸ್ಕಿಯ ಶಾಸನ ಬೆಳಕಿಗೆ ಬಂದ ಅದೇ ೧೯೧೫ರಲ್ಲಿ ಡೆನ್ಮಾರ್ಕಿನ ಮನಃಶಾಸ್ತ್ರಜ್ಞ ಎಡ್ಗರ್ ರೂಬಿನ್ ಒಂದು ಚಿತ್ರವನ್ನು ಪ್ರಸಿದ್ಧಿಗೆ ತಂದನು. ನಡುವಿನ ಬಿಳಿಯನ್ನು ನೋಡಿದರೆ ಹೂದಾನಿ, ಇಕ್ಕೆಲದ ಕಪ್ಪನ್ನು ನೋಡಿದರೆ ಎದುರುಬದುರಾದ ಎರಡು ಮುಖಗಳು. ಬರೆದ ಭಾಗದಷ್ಟೇ ಬರೆಯದ ಭಾಗವೂ ಕಣ್ಣಿಗೆ ಕೆಲಸ ಕೊಡುತ್ತದೆ ಎಂಬುದು ಇದರಿಂದ ಸಿದ್ಧ. ಕನ್ನಡದಲ್ಲಿ ಈ ತತ್ತ್ವಕ್ಕೆ ಪ್ರಾಣವೇ ಇದೆ. ‘ಪ’ಕ್ಕೂ ‘ಷ’ಕ್ಕೂ ಇರುವ ಭೇದ ಹೊಟ್ಟೆಯೊಳಗಿನ ಒಂದು ಗೀಟು. ‘ದ’ಕ್ಕೂ ‘ಧ’ಕ್ಕೂ ಇರುವ ಭೇದ ಕೆಳಗಿನ ಒಂದು ಕಡ್ಡಿಯಷ್ಟು ಗೆರೆ. ಬೋರ್ಡು ಎದ್ದುಕಾಣಲೆಂದು ಅತಿ ದಪ್ಪ ಅಕ್ಷರವನ್ನು ಆರಿಸಿದರೆ ಈ ಸಣ್ಣ ತೆರಪುಗಳು ಮಸಿಯಲ್ಲಿ ಮುಚ್ಚಿಹೋಗುತ್ತವೆ. ಆಗ ‘ಧನಸಹಾಯ’ ಎಂಬುದನ್ನು ‘ದನಸಹಾಯ’ ಎಂದು ಓದಿದವನನ್ನು ನಗುವುದು ನ್ಯಾಯವಲ್ಲ. ನಮ್ಮ ಕಡೆಯ ಮಾತಿನಲ್ಲಿ ಎರಡಕ್ಕೂ ಉಚ್ಚಾರ ಹೆಚ್ಚುಕಡಿಮೆ ಒಂದೇ ಆಗಿರುವಾಗ ಕಣ್ಣೊಂದೇ ಅವನಿಗೆ ಗತಿ. ಆದುದರಿಂದ ದಪ್ಪ ಅಕ್ಷರವನ್ನು ಆರಿಸುವ ಮುನ್ನ ‘ಷ’, ‘ಧ’, ‘ಘ’, ‘ಭ’ ಎಂಬ ನಾಲ್ಕನ್ನು ಬರೆದು, ಹತ್ತು ಹೆಜ್ಜೆ ಹಿಂದೆ ಸರಿದು ನೋಡುವುದು ನನ್ನ ರೂಢಿ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷ್ ಅಕ್ಷರ ಒಂದು ಗೆರೆಯ ಮೇಲೆ ಕುಳಿತಿರುತ್ತದೆ. ಕೆಲವಕ್ಕೆ ಮಾತ್ರ ಕೆಳಗೊಂದು ಬಾಲ, ಮೇಲೊಂದು ಕೊಂಬು. ಕನ್ನಡ ಅಕ್ಷರವಾದರೋ ಮೂರಂತಸ್ತಿನ ಮನೆ. ಮಧ್ಯದಲ್ಲಿ ಅಕ್ಷರದ ಒಡಲು, ಮೇಲೆ ತಲೆಕಟ್ಟು ಅಥವಾ ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರ’, ‘ಶಾಸ್ತ್ರ’, ‘ಸ್ತ್ರೀ’ ಮುಂತಾದ ಪದಗಳಲ್ಲಿ ಒತ್ತಿನ ಮೇಲೆ ಒತ್ತು ಬಂದು ನೆಲಮಾಳಿಗೆಯಲ್ಲಿಯೂ ಇಬ್ಬರು ಬಾಡಿಗೆದಾರರು. ಇಂಗ್ಲಿಷ್ ಪುಸ್ತಕಗಳು ಸಾಮಾನ್ಯವಾಗಿ ಹೇಳುವ ಲೆಕ್ಕ, ೧೨ ಪಾಯಿಂಟಿನ ಅಕ್ಷರಕ್ಕೆ ೧೪ ಅಥವಾ ೧೪½ ಪಾಯಿಂಟಿನ ಸಾಲು ಎಂದು. (ಒಂದು ಪಾಯಿಂಟ್ ಎಂದರೆ ಅಂಗುಲದ ೭೨ನೆಯ ಒಂದು ಭಾಗ.) ಈ ಲೆಕ್ಕವನ್ನು ಕನ್ನಡಕ್ಕೆ ಹಾಗೆಯೇ ಹಚ್ಚಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು ಅಳೆದು ನೋಡಿದಂತೆ ೧೨ ಪಾಯಿಂಟಿನ ಕನ್ನಡಕ್ಕೆ ೧೮ ಪಾಯಿಂಟಿನ ಸಾಲು ಬೇಕು. ಕೆಲವು ಅಕ್ಷರಮಾಲೆಗಳಿಗೆ ೧೯ ಆದರೂ ಹೆಚ್ಚಲ್ಲ.

ಇದು ಅಂದಚೆಂದದ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನನ್ನ ತಾಯಿ ವಯಸ್ಕರ ಶಿಕ್ಷಣದ ತರಗತಿಯಲ್ಲಿ ಅಕ್ಷರ ಕಲಿತವಳು. ನಾವು ಪದವನ್ನು ಒಂದೇ ನೋಟಕ್ಕೆ ಹಿಡಿಯುತ್ತೇವೆ. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ, ತುಟಿಯಲ್ಲಿ ಉಚ್ಚರಿಸಿ ಓದುತ್ತಾಳೆ. ಮಕ್ಕಳ ಚುಚ್ಚುಮದ್ದಿನ ಬಗ್ಗೆ ನಾಲ್ಕು ಸಾಲಿನ ಒಂದೇ ಪ್ರಕಟಣೆಯನ್ನು ಎರಡು ಹಾಳೆಗಳಲ್ಲಿ, ಒಂದರಲ್ಲಿ ಸಾಲುಗಳನ್ನು ಒತ್ತಾಗಿಯೂ ಇನ್ನೊಂದರಲ್ಲಿ ಬಿಡಿಯಾಗಿಯೂ ಜೋಡಿಸಿ ಅವಳ ಮುಂದಿಟ್ಟೆನು. ಒತ್ತಾದ ಹಾಳೆಯಲ್ಲಿ ‘ಆಸ್ಪತ್ರೆ’ ಎಂಬಲ್ಲಿಗೆ ಬಂದು ನಿಂತಳು. ಅಲ್ಲಿಯ ಪಕಾರದ ಒತ್ತನ್ನು ಅವಳು ಕೆಳಗಿನ ಸಾಲಿನ ಅಕ್ಷರದ ತಲೆಗೆ ಸೇರಿಸಿ, ಇದು ಯಾವ ಅಕ್ಷರ, ನಮಗೆ ಕಲಿಸಿಲ್ಲ ಎಂದಳು. ಬಿಡಿಯಾದ ಹಾಳೆಯನ್ನು ತಡವಾಗಿಯಾದರೂ ಕೊನೆಯವರೆಗೆ ಓದಿ, ‘ಶುಕ್ರವಾರ ಅಂತೆ’ ಎಂದು ಹೇಳಿದಳು. ನಾಲ್ಕು ಪಾಯಿಂಟಿನ ಬಿಳಿಜಾಗ ಒಂದು ಮಗುವಿನ ಚುಚ್ಚುಮದ್ದಿನ ದಿನವನ್ನು ತಿಳಿಸಲೂ ಬಲ್ಲದು, ಮರೆಸಲೂ ಬಲ್ಲದು. ಆಕೆಯಂಥ ಓದುಗರು ನಮ್ಮ ಊರುಗಳಲ್ಲಿ ಬಹಳ. ಅವರು ಓದಲಾರದ ಫಲಕವನ್ನು ಕಂಡು ತಮಗೇ ಅಕ್ಷರ ಬಾರದೆಂದು ಸುಮ್ಮನಾಗುತ್ತಾರೆಯೇ ಹೊರತು ಫಲಕವನ್ನು ದೂರುವುದಿಲ್ಲ.

ಒತ್ತು ನೀಡುವ ವಿಷಯದಲ್ಲಿಯೂ ನಮ್ಮ ದಾರಿ ಬೇರೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳೆಂಬ ಇನ್ನೊಂದು ವರ್ಗವೇ ಇದೆ, ಓರೆ ಅಕ್ಷರವೂ ಇದೆ. ಕನ್ನಡದಲ್ಲಿ ಮೊದಲನೆಯದು ಇಲ್ಲ. ಎರಡನೆಯದು ಯಂತ್ರದಿಂದ ಬಂದದ್ದು, ಗುಂಡಕ್ಷರಕ್ಕೆ ಒಗ್ಗುವುದೂ ಇಲ್ಲ. ನಮಗೆ ಉಳಿದ ಸಾಧನಗಳು ಗಾತ್ರ, ದಪ್ಪ, ಬಣ್ಣ ಮತ್ತು ತೆರಪು. ಇವುಗಳಲ್ಲಿ ಖರ್ಚಿಲ್ಲದ್ದು ತೆರಪು. ಜನ ಅದನ್ನೇ ಹೆಚ್ಚು ಹೆದರುತ್ತಾರೆ. ಸಮಾರಂಭದ ಫಲಕವನ್ನು ನೋಡಿರಿ: ಅತಿಥಿಗಳ ಭಾವಚಿತ್ರಗಳು, ಹಾರೈಸುವವರ ಭಾವಚಿತ್ರಗಳು, ಹಾರೈಸುವವರ ಮಿತ್ರರ ಭಾವಚಿತ್ರಗಳು, ಸಮಾರಂಭದ ದಿನ ಮತ್ತು ಸ್ಥಳ ಮಾತ್ರ ಕೆಳಮೂಲೆಯಲ್ಲಿ ಚಿಕ್ಕದಾಗಿ. ಎಲ್ಲವೂ ದೊಡ್ಡದಾದರೆ ಯಾವುದೂ ದೊಡ್ಡದಲ್ಲ. ರಾಜ್ಯಸರಕಾರ ೨೦೧೬ರಲ್ಲಿ ಪ್ಲಾಸ್ಟಿಕ್ ಫ್ಲೆಕ್ಸುಗಳನ್ನು ನಿಷೇಧಿಸಿದ್ದು ಪರಿಸರದ ಕಾರಣಕ್ಕೆ. ಕಣ್ಣಿನ ಕಾರಣಕ್ಕೂ ನಿಷೇಧಿಸಬಹುದಾಗಿತ್ತು! ಮಸ್ಕಿಯ ಶಾಸನದಲ್ಲಿ ಅರಸನು ತನ್ನ ಮಾತನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕೆಂದು ಹೇಳಿಸಿದ್ದಾನೆ. ಫಲಕ ಬರೆಸುವವರು ಈ ಚಿಕ್ಕವರನ್ನು ಒಮ್ಮೆ ನೆನೆದರೆ ದಿನ, ಸ್ಥಳ, ವೇಳೆಗಳು ತಾವಾಗಿಯೇ ಮೇಲೆ ಬರುತ್ತವೆ.

ಬಣ್ಣ, ಪುನರಾವೃತ್ತಿ, ವೈದೃಶ್ಯಗಳ ಬಗ್ಗೆ ಪುಸ್ತಕದಲ್ಲಿ ಅಧ್ಯಾಯಗಟ್ಟಲೆ ಇದೆ. ನನಗೆ ಅವು ತಿಳಿದದ್ದು ಇಳಕಲ್ ಸೀರೆಯಿಂದ. ಕಡುಬಣ್ಣದ ಒಡಲು, ಅದಕ್ಕೆದುರಾಗಿ ಕೆಂಪು ಸೆರಗು, ಸೆರಗಿನಲ್ಲಿ ಬಿಳಿಯ ತೆನೆಗಳ ಒಂದೇ ಆಕೃತಿ ಮತ್ತೆ ಮತ್ತೆ. ಬಣ್ಣಗಳು ಎರಡು ಮೂರೇ. ಆದರೂ ಸಂತೆಯ ಗುಂಪಿನಲ್ಲಿ ಎಷ್ಟು ದೂರದಿಂದಲೂ ಗುರುತು ಸಿಗುತ್ತದೆ. ನಮ್ಮ ಸೀಮೆಯ ಬಿಸಿಲಿನಲ್ಲಿ ಬಿಳಿಯ ಮೇಲೆ ಹಳದಿ ಬರೆದರೆ ಮಧ್ಯಾಹ್ನಕ್ಕೆ ಅಕ್ಷರವೇ ಮಾಯ ಎಂಬುದನ್ನು ಮಾತ್ರ ಸೇರಿಸುತ್ತೇನೆ.

ಈ ತೊಡಕುಗಳು ಹೊಸವೇನೂ ಅಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೆರ್ಮನ್ ಮೊಗ್ಲಿಂಗ್ ೧೮೪೩ರ ಜುಲೈ ೧ರಂದು ಹೊರತಂದಾಗ ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ, ಕೈಬರಹ ಕಲ್ಲಿನ ಮೂಲಕ ಕಾಗದಕ್ಕೆ ಇಳಿಯುತ್ತಿತ್ತು, ಒತ್ತು ಎಲ್ಲಿ ಬೇಕೋ ಅಲ್ಲಿ ಕೂಡುತ್ತಿತ್ತು. ಸೀಸದ ಮೊಳೆಗಳಲ್ಲಿ ಜೋಡಿಸುವಾಗ ಒತ್ತುಗಳಿಗೆ ಬೇರೆ ಮೊಳೆಗಳು ಬೇಕಾದವು. ೧೯೯೧ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಈಗ ‘ಸ್ಪ’ ಎಂದು ಒತ್ತಿದರೆ ಯಂತ್ರದೊಳಗೆ ಉಳಿಯುವುದು ಸಕಾರ, ಹಲಂತದ ಚಿಹ್ನೆ, ಪಕಾರ ಎಂಬ ಮೂರು ಸಂಕೇತಗಳು. ಅವನ್ನು ಮೇಲೆ ಕೆಳಗೆ ಜೋಡಿಸುವ ಭಾರ ಅಕ್ಷರಮಾಲೆಯದು. ಚಿತ್ರ ಜೋಡಿಸುವ ತಂತ್ರಾಂಶ ಇದನ್ನರಿಯದಿದ್ದರೆ ಒತ್ತು ಒಡೆದು ಪಕ್ಕಕ್ಕೆ ಬೀಳುತ್ತದೆ. ಹಳೆಯ ನುಡಿ ಸಂಕೇತದಲ್ಲಿ ಬರೆದುದನ್ನು ಬೇರೊಂದು ಯಂತ್ರದಲ್ಲಿ ತೆರೆದಾಗ ಇಂಗ್ಲಿಷಿನ ಗೊಂದಲ ಕಾಣುವುದೂ ಸಂಕೇತಭೇದದಿಂದಲೇ. ಆದ್ದರಿಂದ ಕೆಲಸವನ್ನು ಮೊದಲಿನಿಂದಲೇ ಯೂನಿಕೋಡಿನಲ್ಲಿ ಆರಂಭಿಸುವುದು ಕ್ಷೇಮ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ ಮುಂತಾದ ಅಕ್ಷರಮಾಲೆಗಳು ಉಚಿತವಾಗಿ ದೊರೆಯುತ್ತವೆ. ಬಲೂ ದಪ್ಪನೆಯದು, ಶೀರ್ಷಿಕೆಗೆ ಮಾತ್ರ ಒಪ್ಪುತ್ತದೆ.

ಹೊಸದಾಗಿ ಆರಂಭಿಸುವವರು ಮೊದಲ ತಿಂಗಳು ಗಣಕಯಂತ್ರವನ್ನು ಮುಟ್ಟದಿದ್ದರೂ ನಷ್ಟವಿಲ್ಲ. ಚೌಕಗೆರೆಯ ಹಾಳೆಯ ಮೇಲೆ ಮೂರಂತಸ್ತುಗಳಿಗೆ ಮೂರು ಗೆರೆ ಎಳೆದು ‘ಆಸ್ಪತ್ರೆ’, ‘ರಾಷ್ಟ್ರ’, ‘ಹಟ್ಟಿ’, ‘ಮಸ್ಕಿ’ ಎಂದು ಬರೆಯಲಿ. ಆಮೇಲೆ ಒಂದೇ ಅಕ್ಷರಮಾಲೆ, ಎರಡೇ ಗಾತ್ರ, ಒಂದೇ ಬಣ್ಣದಲ್ಲಿ ಒಂದು ಪ್ರಕಟಣೆ ಮಾಡಲಿ. ಅದನ್ನು ಪ್ರಾಧ್ಯಾಪಕರಿಗೆ ತೋರಿಸುವ ಮೊದಲು ನಿಧಾನವಾಗಿ ಓದುವ ಯಾರಿಗಾದರೂ ತೋರಿಸಲಿ. ಈ ವರ್ಷದ ಕೊನೆಯ ಭಿತ್ತಿಪತ್ರಿಕೆ ಇನ್ನೂ ಗೋಡೆಯ ಮೇಲಿದೆ. ಅದರ ಮೂರನೆಯ ಹಾಳೆಯಲ್ಲಿ ಸಾಲುಗಳ ನಡುವೆ ಎಷ್ಟು ತೆರಪು ಬಿಟ್ಟಿದೆ ಎಂದು ಅಳತೆಪಟ್ಟಿ ಹಿಡಿದು ನೋಡಲು ಯಾರಿಗೂ ಅಡ್ಡಿಯಿಲ್ಲ. ಮುಂದಿನ ವರ್ಷ ಆ ಕೆಲಸಕ್ಕೆ ಇಬ್ಬರು ಬೇಕಾಗಿದ್ದಾರೆ.